‘ಫ್ಲಶಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ‘ಏರುಮೇವು’ ಆದೀತೇ?

ಎಲ್ಲರಿಗೂ ನಮಸ್ಕಾರ.

ಕುರಿ ಮತ್ತು ಹಂದಿಗಳಲ್ಲಿ ಆಹಾರಕ್ಕೂ ಮರಿ ಹಾಕುವ ಶಕ್ತಿಗೂ ಇರುವ ನಂಟಿನ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಅದನ್ನು ಸಾಕಣೆದಾರರೂ ವಿದ್ಯಾರ್ಥಿಗಳೂ ಓದುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಹುಪಾಲು ಪದಗಳಿಗೆ ತೊಂದರೆಯೇ ಇಲ್ಲ. ಬೆದೆ, ಗಬ್ಬ, ಸೂಲು, ಈಯುವುದು, ಮಾಸು, ಗಿಣ್ಣುಹಾಲು, ಕಂದು ಹಾಕುವುದು, ಗೊಡ್ಡು – ಇವೆಲ್ಲ ದನ ಕುರಿ ಸಾಕುವವರ ಬಾಯಲ್ಲಿ ದಿನವೂ ಬರುವ ಮಾತುಗಳು. ‘ಫ್ಲಶಿಂಗ್’ ಎನ್ನುವ ಪದ ಬಂದಾಗ ಮಾತ್ರ ಬರವಣಿಗೆ ನಿಂತುಬಿಡುತ್ತದೆ. ಅದಕ್ಕೇ ಈ ಪ್ರಶ್ನೆ.

ಅದೇನು ಅಂತ ಮೊದಲು ಹೇಳಿಬಿಡುತ್ತೇನೆ. ಹಿಂಡಿಗೆ ಟಗರು ಬಿಡುವುದಕ್ಕೆ ಎರಡು ಮೂರು ವಾರ ಮುಂಚಿನಿಂದ ಹೆಣ್ಣು ಕುರಿಗಳ ಆಹಾರವನ್ನು ಏರಿಸುತ್ತಾರೆ. ಒಳ್ಳೆಯ ಹಸಿರು ಇರುವ ಕಡೆ ಮೇಯಿಸುತ್ತಾರೆ. ಇಲ್ಲವೇ ದಿನಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋದಷ್ಟು ಕಾಳು ಕೊಡುತ್ತಾರೆ. ಹೀಗೆ ಮಾಡಿದರೆ ಆ ಬೆದೆಯಲ್ಲಿ ಅಂಡಾಶಯದಿಂದ ಬಿಡುಗಡೆಯಾಗುವ ಅಂಡಗಳ ಸಂಖ್ಯೆ ಹೆಚ್ಚುತ್ತದೆ. ಒಂಟಿ ಮರಿ ಹಾಕಬೇಕಿದ್ದ ಕುರಿ ಅವಳಿ ಹಾಕುವ ಸಾಧ್ಯತೆ ಜಾಸ್ತಿಯಾಗುತ್ತದೆ. ಇದೇ ಫ್ಲಶಿಂಗ್.

ನಿಘಂಟು ತೆಗೆದರೆ ‘ಫ್ಲಶ್’ಗೆ ತೊಳೆ, ರಭಸದಿಂದ ನೀರು ಹರಿಸು ಎಂಬ ಅರ್ಥ ಸಿಗುತ್ತದೆ. ಅದು ಇಲ್ಲಿಗೆ ಹೊಂದುವುದಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನನಗೆ ಹೆಚ್ಚು ಅಪಾಯ ಕಾಣುವುದು ‘ಕೊಬ್ಬಿಸುವುದು’ ಎನ್ನುವ ಪದದಲ್ಲಿ. ಜಾಸ್ತಿ ತಿನ್ನಿಸುವುದಕ್ಕೆ ನಮ್ಮಲ್ಲಿ ಥಟ್ಟನೆ ಬರುವ ಪದ ಅದೇ ಅಲ್ವಾ? ಆದರೆ ಫ್ಲಶಿಂಗ್‌ನ ಗುರಿ ಕೊಬ್ಬು ಅಲ್ಲವೇ ಅಲ್ಲ. ಕೊಬ್ಬಿದ ಕುರಿಗೆ ಈ ಉಪಾಯ ಬಹುಮಟ್ಟಿಗೆ ನಾಟುವುದೇ ಇಲ್ಲ. ತೀರಾ ಬಡಕಲಾದ ಕುರಿಗೆ ಎರಡು ಮೂರು ವಾರ ಸಾಲುವುದಿಲ್ಲ. ಲಾಭ ಕಾಣುವುದು ನಡುವಿನ ಮೈಯ ಕುರಿಗಳಲ್ಲಿ.

ಈ ‘ನಡುವಿನ ಮೈ’ಯನ್ನು ಕೈಯಿಂದಲೇ ಗೊತ್ತು ಮಾಡುತ್ತಾರೆ. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ 1ರಿಂದ 5ರವರೆಗೆ ಅಂಕ ಕೊಡುವುದು. ಮೂಳೆಯ ತುದಿಗಳು ಚೂಪಾಗಿ ಚುಚ್ಚಿದರೆ 1. ತುದಿಗಳು ಒಂದೊಂದಾಗಿ ಸಿಕ್ಕರೂ ನುಣುಪಾಗಿದ್ದರೆ, ಅಡ್ಡ ಮೂಳೆಗಳ ಕೆಳಗೆ ಸ್ವಲ್ಪ ಒತ್ತಿದರೆ ಬೆರಳು ಹೋದರೆ 2. ಗಟ್ಟಿಯಾಗಿ ಒತ್ತಿದರೆ ಮಾತ್ರ ಮೂಳೆ ಸಿಕ್ಕರೆ 3. ಬೆನ್ನುಮೂಳೆ ಬರೀ ಗೆರೆಯಂತೆ ತಿಳಿದರೆ 4. ಒತ್ತಿದರೂ ಮೂಳೆಯೇ ಸಿಗದಿದ್ದರೆ 5. ಉಣ್ಣೆಯ ಕುರಿಯನ್ನು ಕಣ್ಣಿಂದ ನೋಡಿ ಇದನ್ನು ಹೇಳಲಾಗದು. ಉಣ್ಣೆಯೊಳಗೆ ಬಡಕಲು ಮೈಯೂ ದುಂಡಗೆ ಕಾಣುತ್ತದೆ. ಈ ಅಂಕಕ್ಕೆ ‘ದೇಹಸ್ಥಿತಿ ಅಂಕ’ ಎಂದು ಬರೆಯುವವರಿದ್ದಾರೆ. ನನಗೆ ‘ಮೈಕಟ್ಟಿನ ಅಂಕ’ಕ್ಕಿಂತ ‘ಮೈದುಂಬಿನ ಅಂಕ’ ಚೆನ್ನ ಅನಿಸುತ್ತದೆ. ಯಾಕಂದರೆ ಮೈಕಟ್ಟು ಎಂದರೆ ಆಕಾರದ ಮಾತು. ಇಲ್ಲಿ ಅಳೆಯುತ್ತಿರುವುದು ಎಲುಬಿನ ಮೇಲೆ ಎಷ್ಟು ತುಂಬಿಕೊಂಡಿದೆ ಅನ್ನುವುದನ್ನು.

ಫ್ಲಶಿಂಗ್‌ಗೇ ಬರೋಣ. ಆಸ್ಟ್ರೇಲಿಯಾದಲ್ಲಿ ಲೂಪಿನ್ ಎನ್ನುವ ಕಾಳಿನಿಂದ ನಡೆಸಿದ ಪ್ರಯೋಗಗಳು ಈ ಪದದ ಅರ್ಥವನ್ನು ಇನ್ನೂ ಚುರುಕುಗೊಳಿಸುತ್ತವೆ. ಕುರಿಯ ಬೆದೆಚಕ್ರ ಸುಮಾರು 17 ದಿನ. ಅದರ ಕೊನೆಯ ಭಾಗದಲ್ಲಿ ನಾಲ್ಕಾರು ದಿನ ಈ ಕಾಳು ತಿನ್ನಿಸಿದರೂ ಬಿಡುಗಡೆಯಾಗುವ ಅಂಡಗಳು ಹೆಚ್ಚಿದವು. ಅಷ್ಟು ಕಡಿಮೆ ಅವಧಿಯಲ್ಲಿ ಕುರಿಯ ತೂಕ ಹೆಚ್ಚಿರಲಿಲ್ಲ. ಅಂದರೆ ಕೆಲಸ ಮಾಡಿದ್ದು ಮೈಗೆ ಹತ್ತಿದ ಕೊಬ್ಬಲ್ಲ, ರಕ್ತದಲ್ಲಿ ಏರಿದ ಗ್ಲೂಕೋಸ್, ಇನ್ಸುಲಿನ್ ಮುಂತಾದವು. ಪ್ರತಿ ಚಕ್ರದಲ್ಲೂ ಅಂಡಾಶಯದಲ್ಲಿ ಹಲವು ಅಂಡಕೋಶಗಳು (ಒಂದೊಂದು ಅಂಡವನ್ನು ಒಳಗಿಟ್ಟುಕೊಂಡ ಪುಟ್ಟ ಚೀಲಗಳು) ಒಟ್ಟಿಗೆ ಬೆಳೆಯಲು ಹೊರಡುತ್ತವೆ. ಒಂದೋ ಎರಡೋ ಗಟ್ಟಿಯಾಗಿ ಉಳಿದು ಮಿಕ್ಕವು ಸೊರಗಿ ಹೋಗುತ್ತವೆ. ಆಹಾರ ಏರಿದಾಗ ಹಾಗೆ ಸೊರಗಬೇಕಿದ್ದ ಇನ್ನೊಂದು ಉಳಿದುಕೊಳ್ಳುತ್ತದೆ.

ಇದನ್ನು ಓದುವಾಗಲೇ ನನಗೆ ‘ಏರುಮೇವು’ ಎಂಬ ಪದ ಹೊಳೆದದ್ದು. ಏರುದನಿ, ಏರುಗತಿ, ಏರುಜವ್ವನ ಇರುವಂತೆ ಏರುಮೇವು. ಕುರಿ ಎಷ್ಟು ದಪ್ಪಗಿದೆ ಅನ್ನುವುದಕ್ಕಿಂತ ಆ ಹೊತ್ತಿನಲ್ಲಿ ಅದರ ಆಹಾರ ಏರುತ್ತಿದೆಯೇ ಅನ್ನುವುದೇ ಇಲ್ಲಿ ಮುಖ್ಯ. ‘ಟಗರು ಬಿಡುವ ಮೂರು ವಾರ ಮುಂಚೆ ಏರುಮೇವು ಶುರು ಮಾಡಿ.’ ‘ಏರುಮೇವು ಕೊಟ್ಟ ಹಿಂಡಿನಲ್ಲಿ ಅವಳಿ ಮರಿಗಳು ಹೆಚ್ಚಿದವು.’ ನನ್ನ ಕಿವಿಗೆ ಈ ವಾಕ್ಯಗಳು ಎಡವುವುದಿಲ್ಲ. ‘ಬೆದೆಪೂರ್ವ ಪೋಷಣೆ’ ಎಂದೂ ಬರೆಯಬಹುದು. ತಪ್ಪಿಲ್ಲ, ಆದರೆ ಕುರಿ ಕಾಯುವವರ ಮುಂದೆ ಓದಿದರೆ ಅದು ಸರ್ಕಾರಿ ಸುತ್ತೋಲೆಯ ಹಾಗೆ ಕೇಳುತ್ತದೆ. ಅದೂ ಅಲ್ಲದೆ ಆ ಪದದಲ್ಲಿ ಹೊತ್ತು ಇದೆ, ಏರಿಕೆ ಇಲ್ಲ.

ತೊಡಕು ಬರುವುದು ಹಂದಿಯಲ್ಲಿ.

ಒಂದು, ‘ಮೇವು’ ಎನ್ನುವ ಪದ. ಅದು ಮೇಯುವುದರಿಂದ ಬಂದದ್ದು. ಹುಲ್ಲು, ಸೊಪ್ಪು, ದಂಟಿಗೆ ಸರಿ. ಫಾರಂನಲ್ಲಿ ತೊಟ್ಟಿಗೆ ಸುರಿದ ಹಿಟ್ಟನ್ನೋ ಗುಳಿಗೆಯನ್ನೋ ತಿನ್ನುವ ಹಂದಿಗೆ ಮೇವು ಎಂದರೆ ಒಪ್ಪುತ್ತದೆಯೇ? ‘ಏರುಣಿಸು’ ಎಂದರೆ ಎರಡಕ್ಕೂ ಸಲ್ಲುತ್ತದೆ. ‘ಏರುಣಿಸಿದರು’ ಎಂದು ಕ್ರಿಯಾಪದವಾಗಿಯೂ ಬಳಸಬಹುದು. ಆದರೆ ಮೊದಲ ಸಲ ಓದುವವರು ‘ಏರು’ ಮತ್ತು ‘ಉಣಿಸು’ ಎಂದು ಬಿಡಿಸಿಕೊಳ್ಳುತ್ತಾರೆಯೇ ಎಂಬ ಅನುಮಾನ ನನಗಿದೆ.

ಎರಡು, ಹಂದಿಯಲ್ಲಿ ಈ ಪದದ ವ್ಯಾಪ್ತಿಯೇ ಸ್ವಲ್ಪ ಬೇರೆ. ಹಂದಿಯ ಬೆದೆಚಕ್ರ ಸುಮಾರು 21 ದಿನ. ಒಂದು ಬೆದೆಯಲ್ಲಿ 15, 20, ಕೆಲವೊಮ್ಮೆ ಅದಕ್ಕೂ ಹೆಚ್ಚು ಅಂಡಗಳು ಹೊರಬರುತ್ತವೆ. ಇನ್ನೂ ಈಯದ ಹರೆಯದ ಹಂದಿಗೆ ಬೆದೆಯ ಮುಂಚೆ 10ರಿಂದ 14 ದಿನ ಆಹಾರ ಏರಿಸುತ್ತಾರೆ. ಅದಕ್ಕೆ ಮುಂಚೆ ಅಳತೆಯಲ್ಲಿ ತಿನ್ನಿಸಿ ಬೆಳೆಸಿದ್ದರೆ ಕಡಿಮೆಯಾಗಿದ್ದ ಅಂಡಗಳ ಸಂಖ್ಯೆ ಈ ಏರಿಕೆಯಿಂದ ಅದರ ಸಹಜ ಮಟ್ಟಕ್ಕೆ ಮರಳುತ್ತದೆ. ಸಹಜ ಮಟ್ಟವನ್ನು ಮೀರಿ ಹೋಗುವುದಿಲ್ಲ. ಹಾಗಾಗಿ ‘ಹೆಚ್ಚು ಅಂಡ ಕೊಡುವ ಆಹಾರ’ ಎಂದು ವಿವರಿಸಿ ಬರೆದರೂ ಹಂದಿಯ ಮಟ್ಟಿಗೆ ಅದು ಅರ್ಧ ಸತ್ಯ. ಇನ್ನು ಈದ ಹಂದಿಯಲ್ಲಿ, ಮರಿಗಳನ್ನು ಮೊಲೆ ಬಿಡಿಸಿದ ಮೇಲೆ ನಾಲ್ಕರಿಂದ ಏಳು ದಿನದೊಳಗೆ ಸಾಮಾನ್ಯವಾಗಿ ಬೆದೆ ಬರುತ್ತದೆ. ಆ ಸಣ್ಣ ಅವಧಿಯಲ್ಲಿ ಧಾರಾಳವಾಗಿ ತಿನ್ನಿಸುವುದನ್ನೂ ಫ್ಲಶಿಂಗ್ ಎಂದೇ ಕರೆಯುತ್ತಾರೆ.

ಹೆಣ್ಣಿಗೆ ಗಂಡು ಕೂಡಿದ ಮೇಲೆ ಏನು ಮಾಡಬೇಕು ಅನ್ನುವಲ್ಲಿ ಪದದ ಬಗ್ಗೆ ಹೆಚ್ಚು ಜಾಗ್ರತೆ ಬೇಕು. ಹರೆಯದ ಹಂದಿಗೆ ಗಂಡು ಕೂಡಿದ ಮೊದಲ ದಿನಗಳಲ್ಲಿ ತುಂಬ ತಿನ್ನಿಸಿದರೆ ಯಕೃತ್ತು ಪ್ರೊಜೆಸ್ಟರೋನನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಗಬ್ಬ ನಿಲ್ಲಲು ಬೇಕಾದ ಹಾರ್ಮೋನು ಅದು. ಅದು ಇಳಿದಾಗ ಭ್ರೂಣಗಳು ಸಾಯುವ ಸಾಧ್ಯತೆ ಹೆಚ್ಚು ಎಂದು ಹಲವು ಪ್ರಯೋಗಗಳು ತೋರಿಸಿವೆ. ಎಲ್ಲ ಪ್ರಯೋಗಗಳಲ್ಲೂ ಹಾಗೇ ಬಂದಿಲ್ಲ ಅನ್ನುವುದೂ ನಿಜ. ಆದರೂ ಮೊದಲ ಸೂಲಿನ ಹಂದಿಗೆ ಗಂಡು ಕೂಡಿದ ಕೂಡಲೇ ಆಹಾರ ಇಳಿಸಿ ಎನ್ನುವ ಸಲಹೆ ಅಲ್ಲಿಂದಲೇ ಬಂದದ್ದು. ಕುರಿಯಲ್ಲೂ ಗಬ್ಬದ ಆರಂಭದಲ್ಲಿ ಅತಿಯಾಗಿ ತಿನ್ನಿಸಿದರೆ ಪ್ರೊಜೆಸ್ಟರೋನು ಇಳಿಯುತ್ತದೆ. ಹಾಗಿದ್ದರೂ ಕುರಿಗೆ ಟಗರು ಬಿಟ್ಟ ಮೇಲೂ ಎರಡು ಮೂರು ವಾರ ಫ್ಲಶಿಂಗ್ ಮುಂದುವರಿಸಿ ಎನ್ನುತ್ತಾರೆ. ಯಾಕೆ ಈ ವ್ಯತ್ಯಾಸ? ಹಂದಿಗೆ ಒಂದೊಂದಾಗಿ ಗಂಡು ಕೂಡಿಸುತ್ತಾರೆ, ತಾರೀಖು ಗೊತ್ತಿರುತ್ತದೆ, ಮರುದಿನವೇ ಆಹಾರ ಇಳಿಸಬಹುದು. ಕುರಿ ಹಿಂಡಿನಲ್ಲಿ ಒಂದು ಇವತ್ತು ಬೆದೆಗೆ ಬಂದರೆ ಇನ್ನೊಂದು ಹದಿನೈದು ದಿನಕ್ಕೆ ಬರುತ್ತದೆ. ತಿನ್ನಿಸುವುದು ಮಾತ್ರ ಹಿಂಡಿಗೆ ಒಟ್ಟಿಗೇ.

ಆದ್ದರಿಂದ ‘ಬೆದೆಮುಂಚಿನ’ ಎಂದು ಪದದೊಳಗೇ ಕಟ್ಟಿಹಾಕಿದರೆ ಕುರಿಗೆ ಇಕ್ಕಟ್ಟು. ಬರೀ ‘ಹೆಚ್ಚುವರಿ ಆಹಾರ’ ಎಂದರೆ ಹಂದಿಗೆ ಅಪಾಯ, ಗಂಡು ಕೂಡಿದ ಮೇಲೂ ಸುರಿಯುತ್ತಾರೆ. ‘ಏರು’ ಎನ್ನುವುದಕ್ಕೆ ‘ಇಳಿ’ ಎನ್ನುವ ಜೊತೆ ತಾನಾಗಿಯೇ ಇದೆ. ಏರಿಸಿದ್ದನ್ನು ಇಳಿಸಬೇಕು ಅನ್ನುವುದು ಓದುವವರಿಗೆ ಬೇಗ ಹೊಳೆಯುತ್ತದೆ. ನನಗೆ ಆ ಪದ ಹಿಡಿಸಿದ್ದಕ್ಕೆ ಇದೂ ಒಂದು ಕಾರಣ.

ಪದವನ್ನು ಸುಮ್ನೆ ‘ಫ್ಲಶಿಂಗ್’ ಎಂದೇ ಉಳಿಸಿಕೊಂಡರೆ ಏನಂತೆ ಎಂದು ಕೇಳಬಹುದು. ಬೆದೆ, ಗಬ್ಬದ ನಡುವೆ ಒಂದು ಪರಭಾಷೆಯ ಪದ ಇದ್ದರೆ ನನಗೇನೂ ಬೇಸರವಿಲ್ಲ. ತೊಂದರೆ ಏನೆಂದರೆ ಇದೇ ಸಂಶೋಧನೆಗಳಲ್ಲಿ ಇದೇ ಪದ ಇನ್ನೊಂದು ಅರ್ಥದಲ್ಲಿ ಬರುತ್ತದೆ. ಗಂಡು ಕೂಡಿದ ಕೆಲವು ದಿನಗಳಿಗೆ ಗರ್ಭಕೋಶದ ಕೊಂಬಿನೊಳಗೆ, ಅಂದರೆ ಅದರ ಕವಲಿನೊಳಗೆ, ನಳಿಕೆಯಿಂದ ದ್ರವ ಬಿಟ್ಟು, ಅದನ್ನು ಮತ್ತೆ ಹೊರಗೆ ಹಿಡಿದು, ಅದರಲ್ಲಿ ತೇಲಿ ಬರುವ ಭ್ರೂಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಅದೂ ಫ್ಲಶಿಂಗೇ. ಅಂಡ ಹೊರಬಿದ್ದ ಪ್ರತಿ ಜಾಗದಲ್ಲೂ ಅಂಡಾಶಯದ ಮೇಲೆ ಕಾರ್ಪಸ್ ಲೂಟಿಯಮ್ ಎನ್ನುವ ಗಂಟು ಉಳಿದಿರುತ್ತದೆ. ಗಂಟುಗಳು 18, ಸಿಕ್ಕ ಭ್ರೂಣಗಳು 13 ಅಂದುಕೊಳ್ಳಿ, 5 ಎಲ್ಲೋ ತಪ್ಪಿದವು ಎಂದು ಲೆಕ್ಕ. ಏರಿಸಿ ತಿನ್ನಿಸಿದ್ದು ಫಲಿಸಿತೇ ಎಂದು ನೋಡಲು ಈ ತೊಳೆಯುವ ಕೆಲಸವೇ ಬೇಕು. ಹಾಗಾಗಿ ಎರಡೂ ಫ್ಲಶಿಂಗ್ ಒಂದೇ ಪುಟದಲ್ಲಿ ಬಂದು ಕೂರುತ್ತವೆ. ಇದಕ್ಕೆ ‘ಭ್ರೂಣ ತೊಳೆತ’ ಎಂದು ಬರೆದಿದ್ದೇನೆ. ಇಲ್ಲಿ ನಿಘಂಟಿನ ಅರ್ಥವೇ ಸರಿಯಾಗಿ ಕೂರುತ್ತದೆ.

ಜೊತೆಗೇ ಇನ್ನೊಂದು ಪ್ರಶ್ನೆ. ‘ಫಲವತ್ತತೆ’ಯನ್ನು ನಾವು ಮೂರು ಬೇರೆ ಅಳತೆಗಳಿಗೆ ಒಟ್ಟಿಗೆ ಬಳಸುತ್ತಿದ್ದೇವೆ. ಟಗರು ಬಿಟ್ಟ 100 ಕುರಿಗಳಲ್ಲಿ 90 ಈದು, ಒಟ್ಟು 135 ಮರಿ ಹುಟ್ಟಿದವು ಅನ್ನಿ. 100ಕ್ಕೆ 90 ಈದದ್ದು ಒಂದು ಅಳತೆ. ಈದ ಕುರಿಗೆ ಒಂದೂವರೆ ಮರಿ ಅನ್ನುವುದು ಇನ್ನೊಂದು. ಟಗರು ಬಿಟ್ಟ 100 ಕುರಿಗೆ 135 ಮರಿ ಅನ್ನುವುದು ಮೂರನೆಯದು. ಏರುಮೇವು ಮುಖ್ಯವಾಗಿ ಎತ್ತುವುದು ಎರಡನೆಯದನ್ನು. ‘ಫಲವತ್ತತೆ ಹೆಚ್ಚಿತು’ ಎಂದು ಬರೆದರೆ ಗೊಡ್ಡು ಉಳಿದ ಕುರಿಗಳೂ ಈದವು ಎಂಬ ಅರ್ಥ ಬರುತ್ತದೆ. ಸದ್ಯಕ್ಕೆ ನಾನು ಮೊದಲನೆಯದಕ್ಕೆ ‘ಗಬ್ಬ ಕಟ್ಟುವ ಪ್ರಮಾಣ’, ಎರಡನೆಯದಕ್ಕೆ ‘ಸೂಲಿನ ಮರಿಸಂಖ್ಯೆ’ ಎಂದು ಇಟ್ಟುಕೊಂಡಿದ್ದೇನೆ. ‘ಗಬ್ಬ ಕಟ್ಟುವ’ ಎಂದರೂ ಎಣಿಕೆ ಈದ ಕುರಿಗಳದ್ದು. ನಡುವೆ ಕಂದು ಹಾಕಿದವು ಲೆಕ್ಕಕ್ಕಿಲ್ಲ. ಅದಕ್ಕೆ ‘ಈದ ಪ್ರಮಾಣ’ ಎನ್ನುವುದೇ ನೇರವೇನೋ. ಮೂರನೆಯದಕ್ಕೆ ಒಂದು ಒಳ್ಳೆ ಪದ ಬೇಕು.

ಕುರಿ ಕಾಯುವವರ, ಹಂದಿ ಸಾಕುವವರ ಮಾತನ್ನು ಹತ್ತಿರದಿಂದ ಕೇಳಿದವರು ದಯವಿಟ್ಟು ತಿಳಿಸಿ. ಟಗರು ಬಿಡುವ ಮುಂಚಿನ ಹೆಚ್ಚಿನ ತಿನ್ನಿಸುವಿಕೆಗೆ ಅವರಲ್ಲಿ ಈಗಾಗಲೇ ಒಂದು ಹೆಸರಿದ್ದರೆ ‘ಏರುಮೇವ’ನ್ನು ಬಿಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ. ಇಲ್ಲದಿದ್ದರೆ, ಹಂದಿಗೆ ‘ಏರುಮೇವು’ ನಡೆದೀತೋ ‘ಏರುಣಿಸು’ ಬೇಕೋ ಅನ್ನುವುದನ್ನು ಹೇಳಿ.