ಸಿಎನ್‌ಸಿಗೆ ಯಾವ ಕಂಪ್ಯೂಟರ್? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಬೆಳಗಾವಿಯ ಉದ್ಯಮಬಾಗದಲ್ಲಿ ಹಳೇ ಮಷೀನುಗಳಿಗೆ ಹೊಸ ಸಿಎನ್‌ಸಿ (ಕಂಪ್ಯೂಟರ್) ಕಂಟ್ರೋಲ್ ಕೂರಿಸುವ ನಮ್ಮ ಸರ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಬೋರ್ಡ್, ಡ್ರೈವರ್ ಹೆಸರು ಹಾಕಿ ಕೇಳಿ.

ಗೋಕಾಕ: ನಮಸ್ಕಾರ ಸರ್. ಮರ ಕೊರೆಯುವ ಚಿಕ್ಕ ರೌಟರ್ ಮಷೀನ್ ಕಟ್ಟುತ್ತಿದ್ದೇನೆ. ಆರ್ಡುಯಿನೊ ಊನೊ ಬೋರ್ಡಿನಲ್ಲಿ ಮೋಟರ್ ನಡೆಸುವ ಜಿಆರ್‌ಬಿಎಲ್ ಸಾಫ್ಟ್‌ವೇರ್ ಇದೆ. ಅದಕ್ಕೆ ಜೋಡಿಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಸಾಕಾ, ಪೈ 5 ಬೇಕಾ?

ಸರ್: ನಮಸ್ಕಾರ ರೀ. ಮೋಟರಿಗೆ ಪಲ್ಸ್ ಕೊಡುವುದು ಊನೊ. ಪೈ ಬರೀ ಜಿ-ಕೋಡ್ (ಎಲ್ಲಿಗೆ ಹೋಗಬೇಕೆಂಬ ಆದೇಶ) ಸಾಲುಗಳನ್ನು ಕಳಿಸುತ್ತದೆ, ಅಷ್ಟೇ. ಪೈ 3 ಕೂಡ ನಡೆಯುತ್ತದೆ, ಮನೆಯ ಹಳೇ ಲ್ಯಾಪ್‌ಟಾಪ್ ಕೂಡ ಆಗುತ್ತದೆ. ಊನೊದ ಮಿತಿ ಸೆಕೆಂಡಿಗೆ ಸುಮಾರು 30,000 ಪಲ್ಸ್. ಅದಕ್ಕಿಂತ ಜಾಸ್ತಿ ಬೇಕಾದರೆ ಇಎಸ್‌ಪಿ32 ಬೋರ್ಡ್ ತಗೊಂಡು ಫ್ಲೂಯಿಡ್‌ಎನ್‌ಸಿ ಸಾಫ್ಟ್‌ವೇರ್ ಹಾಕಿ. ಉಳಿದ ದುಡ್ಡಲ್ಲಿ ಒಳ್ಳೇ ಪವರ್ ಸಪ್ಲೈ ತಗೊಳ್ಳಿ.

ಜಮಖಂಡಿ: ಪೈ 5 ಫಾಸ್ಟ್ ಅಲ್ವಾ ಸರ್? ಮಷೀನ್ ಸ್ಪೀಡ್ ಹೆಚ್ಚಾಗಲ್ವಾ?

ಸರ್: ಇಲ್ಲ. ಮೇಲಿನ ಉತ್ತರ ನೋಡಿ.

ವಿಜಯಪುರ: ಸರ್, ನಮ್ಮ ಶೆಡ್ಡಿನಲ್ಲಿ ಮೇ ತಿಂಗಳು 42 ಡಿಗ್ರಿ. ಪೈ ಡಬ್ಬಿಗೆ ಫ್ಯಾನ್ ಹಾಕಿದರೆ ಮರದ ಪುಡಿ ತುಂಬುತ್ತದೆ, ಹಾಕದಿದ್ದರೆ ಕಾದು ನಿಧಾನವಾಗುತ್ತದೆ. ಏನು ಮಾಡಲಿ?

ಇಳಕಲ್: ಸರ್, ಸಾಗವಾನಿ ಬಾಗಿಲಿಗೆ ಜಾಲಿ, ಅಂದರೆ ಜಾಲರಿ ಡಿಸೈನ್, ಕೊರೆಯುತ್ತೇನೆ. ಹಳೇ ಆಫೀಸ್ ಪಿಸಿ, ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್, ಪ್ಯಾರಲಲ್ ಪೋರ್ಟ್ (ಹಳೇ ಪ್ರಿಂಟರ್ ಪೋರ್ಟ್), ಮೋಟರ್ ಓಡಿಸುವ ಟಿಬಿ6600 ಡ್ರೈವರ್. ಸ್ಕ್ರೂ 5 ಮಿ.ಮೀ. ಪಿಚ್, ಒಂದು ಸುತ್ತಿಗೆ ಮೋಟರ್ 1600 ಸ್ಟೆಪ್. ಉದ್ದ ಗೆರೆ ಕರೆಕ್ಟಾಗಿ ಬರುತ್ತದೆ. ಜಾಲಿ ಮುಗಿಯುವಷ್ಟರಲ್ಲಿ ಎಕ್ಸ್ (ಎಡ-ಬಲ ಓಡುವ ಭಾಗ) 3 ಮಿ.ಮೀ. ಎಡಕ್ಕೆ ಸರಿದಿರುತ್ತದೆ. ಯಾವಾಗಲೂ ಎಡಕ್ಕೇ. ಪಿಸಿ ಎಷ್ಟು ತಡಮಾಡುತ್ತದೆ ಎಂದು ನೋಡುವ ಲೇಟೆನ್ಸಿ ಟೆಸ್ಟಿನಲ್ಲಿ 14,000 ನ್ಯಾನೊಸೆಕೆಂಡ್ ಬಂತು. ಅಂಗಡಿಯವರು ಪಿಸಿ ಹಳೇದಾಯ್ತು, ಐ5 ತಗೊಳ್ಳಿ ಅಂತಾರೆ. ವೈರಿಂಗ್ ಫೋಟೊ ಹಾಕಿದ್ದೇನೆ.

ಸರ್: ಸದ್ಯಕ್ಕೆ ಏನೂ ಕೊಳ್ಳಬೇಡಿ. ಪೋರ್ಟಿನಿಂದ ನೇರ ಪಲ್ಸ್ ಕೊಡುವ ಪಿಸಿಗೆ ಲೇಟೆನ್ಸಿ 15-20 ಸಾವಿರ ನ್ಯಾನೊಸೆಕೆಂಡಿನೊಳಗೆ ಬಂದರೆ ಚೆನ್ನಾಗಿದೆ ಎಂದೇ ಅರ್ಥ. ಆದರೆ ಟೆಸ್ಟ್ ಎರಡು ನಿಮಿಷ ಸುಮ್ನೆ ಓಡಿಸಿ ನಿಲ್ಲಿಸಬೇಡಿ. ಒಂದೆರಡು ತಾಸು ಬಿಡಿ, ಆಗಾಗ ದೊಡ್ಡ ಫೈಲ್ ಕಾಪಿ ಮಾಡಿ, ವಿಂಡೋ ಎಳೆದಾಡಿ. ಆಗ 50 ಸಾವಿರಕ್ಕೆ ಹಾರಿದರೆ ಬಯೋಸ್‌ನಲ್ಲಿ ಹೈಪರ್‌ಥ್ರೆಡಿಂಗ್, ಪವರ್ ಸೇವಿಂಗ್ ಆಫ್ ಮಾಡಿ. ಹೊಸ ಐ5ಗಿಂತ ಹಳೇ ಪಿಸಿ ಇದರಲ್ಲಿ ಚೆನ್ನಾಗಿರುವುದೂ ಉಂಟು.

ನನಗೆ ಮಾತ್ರ ಇದು ಪಿಸಿ ತಪ್ಪು ಅನಿಸುವುದಿಲ್ಲ. ಟೈಮಿಂಗ್ ಕೆಟ್ಟು ಮೋಟರ್ ತಡವರಿಸಿದರೆ ಸದ್ದು ಬರುತ್ತದೆ, ಸರಿಯುವುದೂ ಒಮ್ಮೆ ಆಚೆ ಒಮ್ಮೆ ಈಚೆ. ಬ್ಯಾಕ್‌ಲ್ಯಾಶ್ (ಸ್ಕ್ರೂವಿನ ಸಡಿಲು) ಆಗಿದ್ದರೆ ಕೂಡುತ್ತಾ ಹೋಗುವುದಿಲ್ಲ. ನಿಮ್ಮದು ಒಂದೇ ಕಡೆ, ಅದೂ ತಿರುವು ಹೆಚ್ಚಿರುವ ಜಾಲಿಯಲ್ಲಿ ಮಾತ್ರ. ಡ್ರೈವರಿಗೆ ದಿಕ್ಕು ಬದಲಾದ ಸುದ್ದಿ ಮುಟ್ಟುವ ಮೊದಲೇ ಸ್ಟೆಪ್ ಪಲ್ಸ್ ಬಂದುಬಿಡುತ್ತಿರಬೇಕು. ಟಿಬಿ6600 ಒಳಗೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಆಪ್ಟೊ ಆನ್ ಆಗುವಷ್ಟು ಬೇಗ ಆಫ್ ಆಗದಿದ್ದರೆ, ಒಂದು ಕಡೆಯ ತಿರುವಿನಲ್ಲಿ ಮಾತ್ರ ಸ್ಟೆಪ್ ತಪ್ಪುತ್ತದೆ. 1600 ಭಾಗಿಸು 5, ಅಂದರೆ 1 ಮಿ.ಮೀ.ಗೆ 320 ಸ್ಟೆಪ್. ಹೋಗಿ ಬರುವಾಗ ಒಂದೊಂದು ತಪ್ಪಿದರೂ ಸಾವಿರ ಸಲಕ್ಕೆ 3 ಮಿ.ಮೀ. ಆಯ್ತಲ್ಲ.

ಬಿಟ್ ಮೇಲೆತ್ತಿ, ಎಕ್ಸ್‌ಗೆ ಅಳತೆಯ ಡಯಲ್ ಕೂರಿಸಿ, 10 ಮಿ.ಮೀ. ಹೋಗಿ ಬರುವುದನ್ನು 500 ಸಲ ಓಡಿಸಿ. ಆಮೇಲೆ ಲಿನಕ್ಸ್‌ಸಿಎನ್‌ಸಿ ಸೆಟ್ಟಿಂಗಿನ ಸ್ಟೆಪ್‌ಕಾನ್ಫ್‌ನಲ್ಲಿ ಡೈರೆಕ್ಷನ್ ಸೆಟಪ್, ಡೈರೆಕ್ಷನ್ ಹೋಲ್ಡ್ (ದಿಕ್ಕು ಬದಲಿಸುವಾಗ ಕಾಯುವ ಸಮಯ) ಎರಡನ್ನೂ 20000 ನ್ಯಾನೊಸೆಕೆಂಡ್ ಮಾಡಿ ಮತ್ತೆ ಓಡಿಸಿ. ಆಗಲೂ ಸರಿದರೆ ಸ್ಟೆಪ್ ಪಿನ್ ಇನ್ವರ್ಟ್ ಮಾಡಿ ನೋಡಿ.

ಇನ್ನೊಂದು. ಫೋಟೊ ನೋಡಿ ಗಾಬರಿಯಾಯಿತು. ಎಮರ್ಜೆನ್ಸಿ ಬಟನ್ ಪೋರ್ಟಿನ 10ನೇ ಪಿನ್ನಿಗೆ ಮಾತ್ರ ಹೋಗಿದೆ. ಪಿಸಿ ಹ್ಯಾಂಗ್ ಆದರೆ ನೀವು ಬಟನ್ ಗುದ್ದುತ್ತಾ ನಿಲ್ಲಬೇಕು, ಬಿಟ್ ತಿರುಗಿಸುವ ಮೋಟರ್, ಅಂದರೆ ಸ್ಪಿಂಡಲ್, ತಿರುಗುತ್ತಲೇ ಇರುತ್ತದೆ. ಆ ಬಟನ್ ಕಾಂಟ್ಯಾಕ್ಟರ್ ಅನ್ನುವ ದೊಡ್ಡ ರಿಲೇ ಬೀಳಿಸಿ ಸ್ಪಿಂಡಲ್, ಡ್ರೈವರ್ ಎರಡರ ಕರೆಂಟ್ ಕಡಿಯಬೇಕು. ಪಿನ್ನಿಗೆ ಹೋಗುವ ತಂತಿ ಪಿಸಿಗೆ ಸುದ್ದಿ ಕೊಡಲಿಕ್ಕೆ ಮಾತ್ರ. ಇದನ್ನು ಮಾಡುವ ತನಕ ಜಾಲಿ ಕೊರೆಯಬೇಡಿ.

ನಿಪ್ಪಾಣಿ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ: "ಸ್ಪಿಂಡಲ್ ಹಾಕಿದ ಕೂಡಲೇ ಯುಎಸ್‌ಬಿ ಕಟ್ ಆಗುತ್ತಾ? ಕಂಪ್ಯೂಟರ್ ಪ್ಲಗ್ಗಿನ ಅರ್ತ್ ಪಿನ್ ತೆಗೆಯಿರಿ. ನೂರಕ್ಕೆ ನೂರು ಪರಿಹಾರ."

ಸರ್: ಯಾರೂ ಮಾಡಬೇಡಿ. ಒಳಗೆ ಫೇಸ್ ತಗುಲಿದರೆ ಆ ಕ್ಯಾಬಿನೆಟ್ ಮುಟ್ಟಿದವರ ಗತಿ ಏನು? ಸ್ಪಿಂಡಲ್‌ಗೆ ಶೀಲ್ಡ್ ಇರುವ ಕೇಬಲ್ ಹಾಕಿ, ವಿಎಫ್‌ಡಿ (ಸ್ಪಿಂಡಲ್ ಸ್ಪೀಡ್ ನಿಯಂತ್ರಿಸುವ ಡಬ್ಬಿ) ಮತ್ತು ಮಷೀನ್ ಬಾಡಿ ಅರ್ತ್ ಮಾಡಿ, ಯುಎಸ್‌ಬಿ ತಂತಿ ಗಿಡ್ಡ ಇಡಿ, ವಿಎಫ್‌ಡಿ ತಂತಿಯ ಜೊತೆ ಕಟ್ಟಬೇಡಿ. ಇಂಥದ್ದನ್ನು ಕಳಿಸುವ ಮೊದಲು ಒಮ್ಮೆ ಯೋಚಿಸಿ.

ನಿಪ್ಪಾಣಿ: ನಾನು ಬರೆದಿದ್ದಲ್ಲ ಸರ್, ಬಂದದ್ದನ್ನು ಕಳಿಸಿದೆ.

ಸರ್: ಅದೇ ತೊಂದರೆ.

ಮುಧೋಳ: ನನ್ನ ಲ್ಯಾಪ್‌ಟಾಪ್‌ಗೆ ಪ್ಯಾರಲಲ್ ಪೋರ್ಟ್ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ಕೇಬಲ್ ನಡೆಯುತ್ತಾ?

ಸರ್: ಇಲ್ಲ. ಅದು ಪ್ರಿಂಟರಿಗೆ.

ಅಥಣಿ: ಇಷ್ಟೆಲ್ಲಾ ಯಾಕೆ ರೀ? ವಿಂಡೋಸ್ ಎಕ್ಸ್‌ಪಿ ಪಿಸಿ, ಮ್ಯಾಕ್3 ಸಿಎನ್‌ಸಿ ಸಾಫ್ಟ್‌ವೇರ್. ನಮ್ಮಲ್ಲಿ ವರ್ಷಗಟ್ಟಲೆ ಓಡುತ್ತಿದೆ.

ಖಾನಾಪುರ: ಆ ಪಿಸಿ ಸತ್ತ ಮೇಲೆ? 64 ಬಿಟ್ ವಿಂಡೋಸ್‌ನಲ್ಲಿ ಮ್ಯಾಕ್3ರ ಪ್ಯಾರಲಲ್ ಡ್ರೈವರ್ ನಡೆಯಲ್ಲ. ಲಿನಕ್ಸ್‌ಸಿಎನ್‌ಸಿಗೆ ಮೆಸಾ ಈಥರ್ನೆಟ್ ಕಾರ್ಡ್ ಹಾಕಿದರೆ ಪಲ್ಸ್ ಕೆಲಸ ಕಾರ್ಡಿನದು, ಪಿಸಿ ಯಾವಾಗ ಬೇಕಾದರೂ ಬದಲಿಸಬಹುದು.

ಅಥಣಿ: ಕಾರ್ಡಿನ ರೇಟ್ ಹೇಳಿ ಮೊದಲು. ಆ ದುಡ್ಡಲ್ಲಿ ಹಳೇ ಪಿಸಿ ಎರಡು ತಂದು ಇಟ್ಟುಕೊಳ್ಳುತ್ತೇನೆ.

ಖಾನಾಪುರ: ಇಟ್ಟುಕೊಳ್ಳಿ, ಮ್ಯೂಸಿಯಂ ಆಗುತ್ತದೆ.

ಅಥಣಿ: ಮಷೀನ್ ಓಡಿಸಿದವರು ಮಾತಾಡಲಿ. ವಿಡಿಯೊ ನೋಡಿದವರಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಸವದತ್ತಿ: ಸರ್ ಪೈ 4 ತಗೊಳ್ಳಲಾ, 5 ತಗೊಳ್ಳಲಾ?

ಸರ್: ಮೇಲೆ ಓದಿ ರೀ. ಎಷ್ಟು ಸಲ ಬರೆಯಲಿ?

ಇಳಕಲ್: ಸರ್, 500 ಸಲ ಓಡಿಸಿದೆ. ಒಂದೂವರೆ ಮಿ.ಮೀ. ಮೇಲೆ ಸ್ವಲ್ಪ, ಎಡಕ್ಕೆ. ಎರಡೂ 20000 ಮಾಡಿ ಮತ್ತೆ ಓಡಿಸಿದೆ, ಡಯಲ್ ಮುಳ್ಳು ಸೊನ್ನೆಗೇ ಬಂತು!

ಸರ್: ಲೆಕ್ಕ ಕೂಡಿತು. ವೈ, ಝಡ್‌ಗೂ ಅದೇ ಹಾಕಿ. ಕಾಂಟ್ಯಾಕ್ಟರ್ ತಂದಿರಾ?

ಇಳಕಲ್: ನಾಳೆ ತರುತ್ತೇನೆ ಸರ್.

ಸರ್: ಹಾಗಾದರೆ ಜಾಲಿ ನಾಳಿದ್ದು. ನಾನು ಊಟಕ್ಕೆ ಹೊರಟೆ.

ವಿಜಯಪುರ: ಸರ್, ಫ್ಯಾನ್ ವಿಷಯ ಕೇಳಿದ್ದೆ...

ಅಥಣಿ: ಖಾನಾಪುರದವರು ಕಾರ್ಡಿನ ರೇಟ್ ಇನ್ನೂ ಹೇಳಿಲ್ಲ.