ಪಿಸಿಎಂಸಿ ಓದಿದ ಮೇಲೆ ಎಂಬಿಬಿಎಸ್‌ಗೆ ಹೋದವರು ಇದ್ದೀರಾ? ದಯವಿಟ್ಟು ಅನುಭವ ತಿಳಿಸಿ

ದಾವಣಗೆರೆ ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು 2025ರಲ್ಲಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿ, ಸಿಇಟಿ ಮೂಲಕ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಪಡೆದಳು. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ತನಗೆ ಡಾಕ್ಟರೇ ಆಗಬೇಕು ಎನ್ನುತ್ತಿದ್ದಾಳೆ. ಎಸ್ಸೆಸ್ಸೆಲ್ಸಿ ನಂತರ ಅವಳು ಜೀವಶಾಸ್ತ್ರದ ಪುಸ್ತಕವನ್ನೇ ತೆರೆದಿಲ್ಲ. ಜೀವಶಾಸ್ತ್ರವೊಂದನ್ನೇ ಹೆಚ್ಚುವರಿ ವಿಷಯವಾಗಿ ಬರೆದು ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಕುಳಿತವರು ಇದ್ದರೆ ಎರಡು ಸಂಗತಿಗಳನ್ನು ತಿಳಿಸಬೇಕು. ಪ್ರಾಯೋಗಿಕ ಪರೀಕ್ಷೆಯನ್ನು ಎಲ್ಲಿ, ಹೇಗೆ ಮುಗಿಸಿದಿರಿ? ಎಂಜಿನಿಯರಿಂಗ್ ಸೀಟನ್ನು ಬಿಡದೆ ಇದನ್ನು ಮಾಡಲು ಸಾಧ್ಯವೇ?

ಹಾಸನದ ತಾಯಿ

ನನ್ನ ಮಗ ಇದೇ ದಾರಿಯಲ್ಲಿ ಹೋಗಿ ಈಗ ಮೊದಲನೆಯ ವರ್ಷದ ಎಂಬಿಬಿಎಸ್‌ನಲ್ಲಿದ್ದಾನೆ, ಆದ್ದರಿಂದ ಕೇಳಿದ ಮಾತಲ್ಲ, ಕಂಡದ್ದನ್ನು ಬರೆಯುತ್ತಿದ್ದೇನೆ. ಅವನು 2023ರಲ್ಲಿ ಪಿಸಿಎಂಸಿ ಮುಗಿಸಿ ಎಂಜಿನಿಯರಿಂಗ್ ಸೇರಿದ್ದ. ಅದೇ ವರ್ಷ ನವೆಂಬರ್ 22ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಪ್ರಕಟಣೆ ಬಂತು. ಹನ್ನೆರಡನೆಯ ತರಗತಿ ಪಾಸಾದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮುಗಿಸಿದವರೂ ನೀಟ್ ಬರೆಯಬಹುದು ಎಂದು ಅದರಲ್ಲಿತ್ತು. ಅವನು ಆ ರಾತ್ರಿ ಊಟಕ್ಕೇ ಹೋಗಲಿಲ್ಲವಂತೆ, ಜನವರಿಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬಂದ. ಓದಿದ್ದ ಪಿಯು ಕಾಲೇಜಿನಲ್ಲಿ ವಿಚಾರಿಸಿದಾಗ ಒಂದೇ ವಿಷಯಕ್ಕೆ ಸೇರಿಸಿಕೊಳ್ಳಲು ಬರುವುದಿಲ್ಲ ಎಂದರು, ಹಾಗಾಗಿ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯ ದಾರಿ ಹಿಡಿದೆವು.

ಲಿಖಿತ ಪರೀಕ್ಷೆಯಲ್ಲಿ ತೊಂದರೆ ಆಗಲಿಲ್ಲ. ಪ್ರಾಯೋಗಿಕ ಪರೀಕ್ಷೆಯ ದಿನಾಂಕವನ್ನು ಮಾತ್ರ ನಮಗೆ ನಿಗದಿಯಾಗಿದ್ದ ಅಧ್ಯಯನ ಕೇಂದ್ರದವರು ಸೂಚನಾ ಫಲಕಕ್ಕೆ ಅಂಟಿಸಿ ಸುಮ್ಮನಾದರು. ನಾವು ಇದ್ದದ್ದು ಹಾಸನದಲ್ಲಿ, ಫಲಕ ಇದ್ದದ್ದು ಬೆಂಗಳೂರಿನಲ್ಲಿ. ಗೈರುಹಾಜರಿ ಬಿತ್ತು, ಆರು ತಿಂಗಳು ಹೋಯಿತು, 2024ರ ನೀಟ್ ಕೈ ತಪ್ಪಿತು. ಮುಂದಿನ ಸಲ ನಾನೇ ಪ್ರತಿ ವಾರ ಬಸ್ಸು ಹತ್ತಿ ಹೋಗಿ ಆ ಫಲಕವನ್ನು ಓದಿಕೊಂಡು ಬಂದೆ. ಆ ತಿಂಗಳುಗಳಲ್ಲಿ ಕೋಶ ವಿಭಜನೆ ನೋಡುವ ಪ್ರಯೋಗದ ಅಭ್ಯಾಸಕ್ಕಾಗಿ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನೀರಿನ ಲೋಟಗಳಿದ್ದವು, ಪ್ರತಿಯೊಂದರ ಬಾಯಿಗೆ ಒಂದು ಈರುಳ್ಳಿ ಕೂತಿತ್ತು. ಬೇರು ಒಂದು ಗೆಣ್ಣಿನಷ್ಟು ಇಳಿದ ಕೂಡಲೇ ತುದಿಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಆಮ್ಲದಲ್ಲಿ ಬೆಚ್ಚಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಗಾಜಿನ ಮೇಲೆ ಹೆಬ್ಬೆರಳಿನಿಂದ ಒತ್ತುವುದನ್ನು ಅವನು ನೂರು ಸಲವಾದರೂ ಮಾಡಿರಬೇಕು. ಹೆಚ್ಚು ಒತ್ತಿದರೆ ಗಾಜು ಒಡೆಯುತ್ತದೆ, ಕಡಿಮೆ ಒತ್ತಿದರೆ ಕೋಶಗಳು ಒಂದರ ಮೇಲೊಂದು ಬಿದ್ದು ಏನೂ ಕಾಣುವುದಿಲ್ಲ. ಕೆಂಪು ಕಲೆ ಇಂದಿಗೂ ಕಿಟಕಿಯ ಕಟ್ಟೆಯಲ್ಲಿದೆ.

ಖರ್ಚು ಕೇಳಿ. ತರಬೇತಿಗೆ 1,15,000, ಹಾಸ್ಟೆಲಿಗೆ ತಿಂಗಳಿಗೆ 9,000ದಂತೆ ಹನ್ನೊಂದು ತಿಂಗಳಿಗೆ 99,000, ಜೀವಶಾಸ್ತ್ರದ ಪ್ರತ್ಯೇಕ ಪಾಠಕ್ಕೆ 20,000, ಪ್ರಾಯೋಗಿಕ ತರಗತಿಗಳಿಗೆ ಇಬ್ಬರೂ ಓಡಾಡಿದ ಬಸ್ಸಿನ ದುಡ್ಡು 6,840, ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಕಟ್ಟಿ ನೀರಿಗೆ ಹೋದ ಶುಲ್ಕ 96,000. ಆ ಎಂಜಿನಿಯರಿಂಗ್ ಕಾಲೇಜಿನವರು ಮೂಲ ಅಂಕಪಟ್ಟಿ ಕೊಡಬೇಕಾದರೆ ಉಳಿದ ಮೂರು ವರ್ಷಗಳ ಶುಲ್ಕವನ್ನೂ ಕಟ್ಟಿ ಎಂದರು. ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳಬಾರದೆಂದು ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ ಹೇಳಿರುವುದನ್ನು ತೋರಿಸಿದ ಮೇಲೂ 40,000 ತೆಗೆದುಕೊಂಡೇ ಬಿಟ್ಟರು. ಒಟ್ಟು 3,76,840 ರೂಪಾಯಿ. 2025ರಲ್ಲಿ ಅವನಿಗೆ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತು. ಕೈಬಳೆ ಇನ್ನೂ ಬ್ಯಾಂಕಿನಲ್ಲಿದೆ, ಆದರೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ.

ತಪ್ಪಿದ ಬಸ್ಸು

ಹಾಸನದ ತಾಯಿಯವರ ಮಗನಿಗೆ ಅಭಿನಂದನೆಗಳು. ಅವರು ಅಷ್ಟು ಸಲೀಸಾಗಿ ಬರೆದ ಆ ಒಂದು ವಾಕ್ಯ, ‘ಹೆಚ್ಚುವರಿ ವಿಷಯವಾಗಿ ಮುಗಿಸಿದವರೂ ಬರೆಯಬಹುದು’ ಎಂಬುದು, ನನ್ನ ಬದುಕಿನಲ್ಲಿ ಆರು ವರ್ಷ ತಡವಾಗಿ ಬಂತು. ನಾನು 2015ರಲ್ಲಿ ಪಿಸಿಎಂಸಿ ಮುಗಿಸಿದವನು. ಜೀವಶಾಸ್ತ್ರವನ್ನು ಬೇರೆಯಾಗಿ ಬರೆದು ಪಾಸು ಮಾಡಿಕೊಂಡು 2017ರಲ್ಲಿ ನೀಟ್ ಬರೆದೆ, ಸೀಟು ಸಿಗಬಹುದಾದಂಥ ಅಂಕಗಳೂ ಬಂದವು. ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆ ಕುಳಿತವರು ನನ್ನ ಎರಡು ಅಂಕಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಒಂದನ್ನು ಬೆರಳ ತುದಿಯಿಂದ ನನ್ನ ಕಡೆಗೆ ತಳ್ಳಿದರು. ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಎರಡೂ ವರ್ಷ ಪ್ರಯೋಗಾಲಯದ ಸಹಿತ ಕ್ರಮವಾಗಿ ಜೀವಶಾಸ್ತ್ರ ಓದಿರಬೇಕು ಎಂಬುದೇ ಆಗಿನ ನಿಯಮ. ಅದನ್ನು ನನಗೆ ಅಂಕಪಟ್ಟಿ ಕೊಟ್ಟವರೂ ಹೇಳಲಿಲ್ಲ, ತರಬೇತಿಯ ಶುಲ್ಕ ಎಣಿಸಿಕೊಂಡವರೂ ಹೇಳಲಿಲ್ಲ.

ಈಗ ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಇದ್ದೇನೆ. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದರು, 2023ರಲ್ಲಿ ಜೀವಶಾಸ್ತ್ರದ ಅಡ್ಡಿಯನ್ನೂ ತೆಗೆದರು. ಹಸಿವಿದ್ದಾಗ ಅನ್ನವಿಲ್ಲ, ಅನ್ನ ಬಂದಾಗ ಹಸಿವಿಲ್ಲ. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಈ ವರ್ಷದ ನಿಯಮವನ್ನು ನಂಬಿ ಮುಂದಿನ ವರ್ಷಕ್ಕೆ ಮಗಳನ್ನು ಅಡವಿಡಬೇಡಿ.

ಹಾಸನದ ತಾಯಿ

ತಪ್ಪಿದ ಬಸ್ಸು ಅವರೇ, ನಿಮಗಾದದ್ದು ಅನ್ಯಾಯ, ಒಪ್ಪುತ್ತೇನೆ. ಆದರೆ ಮೊದಲು ತಿರಸ್ಕೃತರಾದವರನ್ನೂ 2023ರ ಪ್ರಕಟಣೆ ಹೊರಗಿಟ್ಟಿಲ್ಲ. ನಿಮಗೆ ಈಗ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಇರಬಹುದು. ಬರೆಯಲು ನಿಮ್ಮನ್ನು ತಡೆಯುತ್ತಿರುವವರು ಯಾರು?

ತಪ್ಪಿದ ಬಸ್ಸು

ಮನೆಸಾಲದ ಕಂತು 18,700 ರೂಪಾಯಿ ತಡೆಯುತ್ತಿದೆ, ಅಮ್ಮಾ. ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಸ್ನಾತಕೋತ್ತರ ಬೇಕೆಂದರೆ ಇನ್ನೂ ಮೂರು ವರ್ಷ. ಕೈಬಳೆ ಅಡವಿಡುವ ತಾಯಿ ಎಲ್ಲರ ಮನೆಯಲ್ಲೂ ಇರುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಥೇಮ್ಸ್ ದಡದಿಂದ

ಇಲ್ಲಿ ಎಲ್ಲರೂ ನೀಟ್ ಒಂದೇ ದಾರಿ ಎಂಬಂತೆ ಮಾತನಾಡುತ್ತಿದ್ದೀರಿ. ನಾನು ಮೈಸೂರಿನಲ್ಲಿ ಬಿಕಾಂ ಮಾಡಿದವಳು. ವಿಜ್ಞಾನವನ್ನು ಹತ್ತನೆಯ ತರಗತಿಗೇ ಬಿಟ್ಟಿದ್ದೆ. ಮದುವೆಯಾಗಿ 2011ರಲ್ಲಿ ಇಂಗ್ಲೆಂಡಿಗೆ ಬಂದೆ. ಇಲ್ಲಿ ಪದವೀಧರರಿಗೆಂದೇ ನಾಲ್ಕು ವರ್ಷದ ವೈದ್ಯಕೀಯ ಕೋರ್ಸ್ ಇದೆ, ಮೊದಲ ಪದವಿ ಯಾವ ವಿಷಯದ್ದಾದರೂ ಒಪ್ಪುವ ವಿಶ್ವವಿದ್ಯಾಲಯಗಳಿವೆ. ವಾರಿಕ್ ವಿಶ್ವವಿದ್ಯಾಲಯವಂತೂ ಪದವೀಧರರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹಲವು ಕಡೆ ಗ್ಯಾಮ್‌ಸ್ಯಾಟ್ ಎಂಬ ಪರೀಕ್ಷೆ ಬರೆಯಬೇಕು. ಅದರಲ್ಲಿ ಮೂರು ಭಾಗ: ಮೊದಲನೆಯದು ಓದಿ ಅರ್ಥಮಾಡಿಕೊಳ್ಳುವುದು, ಎರಡನೆಯದು ಎರಡು ಪ್ರಬಂಧ, ಮೂರನೆಯದು ವಿಜ್ಞಾನ. ಮೂರನೆಯದರಲ್ಲಿ ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರ ಶೇಕಡಾ 40ರಂತೆ, ಭೌತಶಾಸ್ತ್ರ ಶೇಕಡಾ 20.

ನಾನು ಮೂರು ಸಲ ಬರೆದೆ, ಪ್ರತಿ ಸಲವೂ ಸುಮಾರು 270 ಪೌಂಡ್. ಹಗಲು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ, ರಾತ್ರಿ ಮಗು ಮಲಗಿದ ಮೇಲೆ ಸಾವಯವ ರಸಾಯನಶಾಸ್ತ್ರ. ಮೊದಲ ಸಲ ಪ್ರಬಂಧದಲ್ಲಿ ಒಳ್ಳೆಯ ಅಂಕ ಬಂದು ವಿಜ್ಞಾನದಲ್ಲಿ ಮುಗ್ಗರಿಸಿದೆ, ಎರಡನೆಯ ಸಲ ತಿರುಗುಮುರುಗಾಯಿತು. ಅಂಕಗಳಿಗೆ ಇಲ್ಲಿ ಎರಡು ವರ್ಷ ಮಾತ್ರ ಬೆಲೆ, ಆಮೇಲೆ ಮತ್ತೆ ಮೊದಲಿನಿಂದ. 2020ರಲ್ಲಿ ಸೇರಿದಾಗ ನನಗೆ ಮೂವತ್ತೆರಡು. ಮೊದಲ ವರ್ಷ 3,465 ಪೌಂಡ್ ಕೈಯಿಂದ ಕಟ್ಟಿದೆ, ಉಳಿದದ್ದು ಸಾಲ. ಎರಡನೆಯ ವರ್ಷದಿಂದ ಶುಲ್ಕದ ಒಂದು ಪಾಲನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಭರಿಸಿತು. ಈಗ ವಾರ್ಡಿನಲ್ಲಿ ಡಾಕ್ಟರಾಗಿ ಎರಡನೆಯ ವರ್ಷ. ದಾವಣಗೆರೆಯವರ ಮಗಳು ಎಂಜಿನಿಯರಿಂಗ್ ಮುಗಿಸಲಿ, ಆ ಪದವಿಯೇ ಇಲ್ಲಿ ಅರ್ಹತೆಯಾಗುತ್ತದೆ. ನನಗೆ ಖಾಯಂ ವಾಸದ ಹಕ್ಕು ಇದ್ದುದರಿಂದ ಸ್ಥಳೀಯರ ಶುಲ್ಕ ಅನ್ವಯಿಸಿತು ಎಂಬುದನ್ನೂ ಸೇರಿಸುತ್ತೇನೆ.

ಲೆಕ್ಕದ ಪುಸ್ತಕ

ಥೇಮ್ಸ್ ದಡದ ಮೇಡಂ, ಕೊನೆಯ ವಾಕ್ಯವನ್ನು ಮೊದಲು ಬರೆಯಬೇಕಿತ್ತು. ಖಾಯಂ ವಾಸದ ಹಕ್ಕಿಲ್ಲದ ದಾವಣಗೆರೆಯ ಹುಡುಗಿಗೆ ನಿಮ್ಮ 3,465 ಪೌಂಡಿನಿಂದ ಆಗುವುದೇನು? ಅದಕ್ಕಿಂತ ದೊಡ್ಡ ವಿಷಯವನ್ನು ನೀವು ಬಿಟ್ಟೇ ಬಿಟ್ಟಿರಿ. ವಿದೇಶದಲ್ಲಿ ಓದಿದವರಿಗಾಗಿ 2021ರ ನವೆಂಬರ್ 18ರಂದು ಹೊರಬಂದ ನಿಯಮಗಳಂತೆ, ಭಾರತದಲ್ಲಿ ವೈದ್ಯವೃತ್ತಿ ಮಾಡಬೇಕಾದರೆ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ನಾಲ್ಕು ವರ್ಷ ಎಂದರೆ 48 ತಿಂಗಳು. ಹೊರಗೆ ಓದಲು ಹೋಗುವವರಿಗೂ ನೀಟ್ ಪಾಸಾಗಿರಬೇಕು ಎಂಬುದು ಬೇರೆ.

ಈ 54 ನನಗೆ ಬಾಯಿಪಾಠವಾದದ್ದು ಹೇಗೆಂದು ಕೇಳಿ. ಬಳ್ಳಾರಿಯ ನಮ್ಮ ಮನೆಗೆ ಬಂದ ಏಜೆಂಟನೊಬ್ಬ, ಪಿಸಿಎಂ ಓದಿದ್ದರೂ ಚಿಂತೆಯಿಲ್ಲ, ಫಿಲಿಪ್ಪೀನ್ಸ್‌ನಲ್ಲಿ ಮೊದಲು ಬಿ.ಎಸ್. ಎಂಬ ಪೂರ್ವ ಕೋರ್ಸ್ ಇದೆ, ಅದೇ ಜೀವಶಾಸ್ತ್ರಕ್ಕೆ ಸಮ, ಆಮೇಲೆ ನಾಲ್ಕು ವರ್ಷದ ಎಂ.ಡಿ. (ನಮ್ಮ ಎಂಬಿಬಿಎಸ್‌ನಂಥದ್ದೇ ಅಲ್ಲಿನ ಪದವಿ) ಎಂದು ಬಣ್ಣದ ಪುಸ್ತಿಕೆ ಬಿಡಿಸಿ ತೋರಿಸಿದ. ನಾನು ಹಣ ಕಟ್ಟಿದ್ದು ಡಿಸೆಂಬರ್ 9ರಂದು, ನಿಯಮ ಬಂದು ಸರಿಯಾಗಿ ಮೂರು ವಾರಕ್ಕೆ. ಅವನಿಗೆ ಅದು ತಿಳಿದಿರಲಿಲ್ಲ ಎಂದು ನಾನು ನಂಬುವುದಿಲ್ಲ. ಮಗಳು 2022ರ ಮಾರ್ಚ್‌ನಲ್ಲಿ ಹೋದಳು. ಅಲ್ಲಿನ ಸೀನಿಯರ್‌ಗಳೇ ಅವಳನ್ನು ಕೂರಿಸಿಕೊಂಡು, ಬಿ.ಎಸ್. ಲೆಕ್ಕಕ್ಕಿಲ್ಲ, ಎಂ.ಡಿ. 48 ತಿಂಗಳು ಎಂದು ಹಾಳೆಯ ಮೇಲೆ ಬರೆದು ತೋರಿಸಿದರಂತೆ. 14 ತಿಂಗಳಿಗೆ ವಾಪಸು ಕರೆಸಿಕೊಂಡೆ. ಏಜೆಂಟಿಗೆ 2,25,000, ಕಾಲೇಜಿಗೆ 2,60,000, ವಸತಿ ಮತ್ತು ಊಟಕ್ಕೆ ತಿಂಗಳಿಗೆ 16,000ದಂತೆ 2,24,000, ವೀಸಾ ಮತ್ತು ಅದನ್ನು ಮುಂದುವರಿಸಿದ್ದಕ್ಕೆ 61,500. ಒಟ್ಟು 7,70,500 ರೂಪಾಯಿ. ಈಗ ಅವಳು ಇಲ್ಲಿಯೇ ಔಷಧಶಾಸ್ತ್ರದ ಫಾರ್ಮ್‌ಡಿ ಮೂರನೆಯ ವರ್ಷದಲ್ಲಿದ್ದಾಳೆ. ಆರು ವರ್ಷದ ಕೋರ್ಸ್. ಪಿಸಿಎಂ ಓದಿದವರಿಗೂ ಕೊಡುತ್ತಾರೆ, ನೀಟ್ ಕೇಳುವುದಿಲ್ಲ.

ಥೇಮ್ಸ್ ದಡದಿಂದ

ನಾನು ಭಾರತಕ್ಕೆ ಬಂದು ವೈದ್ಯವೃತ್ತಿ ಮಾಡುತ್ತೇನೆಂದು ಎಲ್ಲಿಯೂ ಬರೆದಿಲ್ಲ. ನಾನು ಓದಿದ್ದು ಇಲ್ಲಿ, ನನ್ನ ಹೆಸರು ನೋಂದಣಿಯಾಗಿರುವುದೂ ಇಲ್ಲಿನ ವೈದ್ಯಕೀಯ ಮಂಡಳಿಯಲ್ಲಿ. ನಿಮ್ಮನ್ನು ಮೋಸಗೊಳಿಸಿದ ಏಜೆಂಟನ ಮೇಲಿನ ಸಿಟ್ಟನ್ನು, ಮೂರು ಸಲ ಪರೀಕ್ಷೆ ಬರೆದು ಗೆದ್ದವಳ ಮೇಲೆ ಏಕೆ ಇಳಿಸುತ್ತಿದ್ದೀರಿ?

ಲೆಕ್ಕದ ಪುಸ್ತಕ

ಸಿಟ್ಟಲ್ಲ ಮೇಡಂ, ಎಚ್ಚರಿಕೆ. ಆ ಏಜೆಂಟನೂ ಹೀಗೆಯೇ ಎಲ್ಲ ನಿಜವನ್ನೂ ಹೇಳಿದ್ದ, ಒಂದು ವಾಕ್ಯವನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದ.

ಬೈಟು ಕಾಫಿ

ಇಷ್ಟೆಲ್ಲ ರಂಪ ಏಕೆಂದು ನನಗೆ ತಿಳಿಯುತ್ತಿಲ್ಲ. ಪಿಸಿಎಂಸಿ ಓದಿದ ಹುಡುಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಬರುತ್ತವೆ. ಉಳಿದದ್ದು ಜೀವಶಾಸ್ತ್ರ, ಅದು ಬರೀ ಬಾಯಿಪಾಠ. ನಾಲ್ಕು ತಿಂಗಳು ಎನ್‌ಸಿಇಆರ್‌ಟಿ ಪುಸ್ತಕ ಹಿಡಿದು ಕೂತರೆ ಮುಗಿಯಿತು. ನಾನು ಎಂಜಿನಿಯರ್, ಅನುಭವದಿಂದಲೇ ಹೇಳುತ್ತಿದ್ದೇನೆ.

ಹಾಸನದ ತಾಯಿ

ಯಾವ ಅನುಭವ, ಸ್ವಾಮಿ? ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. 180 ಪ್ರಶ್ನೆಗಳಲ್ಲಿ ತೊಂಬತ್ತು. ಎರಡು ವರ್ಷ ಅದನ್ನೇ ಓದಿದ ಮಕ್ಕಳು ಆ ತೊಂಬತ್ತನ್ನು ಮುಕ್ಕಾಲು ಗಂಟೆಯೊಳಗೆ ಮುಗಿಸಿ ಭೌತಶಾಸ್ತ್ರಕ್ಕೆ ಹೊತ್ತು ಉಳಿಸಿಕೊಳ್ಳುತ್ತಾರೆ. 2025ರ ಭೌತಶಾಸ್ತ್ರ ಎಂಥವರನ್ನೂ ಕಂಗೆಡಿಸಿದ್ದು ನೆನಪಿರಬಹುದು. ನನ್ನ ಮಗನಿಗೆ ಸಸ್ಯಗಳ ಕುಟುಂಬಗಳ ಲಕ್ಷಣಗಳೇ ಎರಡು ತಿಂಗಳು ತಿಂದವು, ನಮ್ಮ ಮನೆಯ ದಾಸವಾಳದ ಗಿಡದಲ್ಲಿ ಒಂದು ಹೂವೂ ಉಳಿಯಲಿಲ್ಲ.

ತಪ್ಪಿದ ಬಸ್ಸು

ಈ ಒಂದು ವಿಷಯದಲ್ಲಿ ಹಾಸನದ ತಾಯಿಯವರ ಪರವಾಗಿ ನಿಲ್ಲುತ್ತೇನೆ. ನಾನು ಗಣಿತದಲ್ಲಿ ನೂರಕ್ಕೆ ನೂರು ತೆಗೆದವನು. ಬೈಟು ಕಾಫಿಯವರು ಬಾಯಿಪಾಠ ಎನ್ನುವ ಆ ಪುಸ್ತಕದಲ್ಲಿ ಮೂತ್ರಪಿಂಡದ ಒಂದು ಅಧ್ಯಾಯಕ್ಕೆ ಹನ್ನೆರಡು ದಿನ ತೆಗೆದುಕೊಂಡೆ. ಲವಣ ಯಾವ ನಾಳದಲ್ಲಿ ಒಳಗೆ ಹೋಗುತ್ತದೆ, ಯಾವುದರಲ್ಲಿ ಹೊರಗೆ ಬರುತ್ತದೆ ಎಂಬುದು ಇಂದಿಗೂ ನನಗೆ ಬರುತ್ತದೆ, ಬ್ಯಾಂಕಿನ ಕೌಂಟರಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಬೈಟು ಕಾಫಿ

ನಿಮಗೆ ಕಷ್ಟವಾಯಿತೆಂದ ಮಾತ್ರಕ್ಕೆ ವಿಷಯವೇ ಕಷ್ಟವೆಂದು ತೀರ್ಮಾನಿಸಬೇಕಾಗಿಲ್ಲ.

ದಾವಣಗೆರೆ ಅಪ್ಪ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯಿತು. ಎರಡನೆಯ ಸೆಮಿಸ್ಟರಿನ ತರಗತಿಗಳು ಮುಂದಿನ ವಾರ ಆರಂಭವಾಗುತ್ತವೆ. ಸೀಟು ಬಿಡದೆ, ಅಲ್ಲಿ ಓದುತ್ತಲೇ ಜೀವಶಾಸ್ತ್ರ ಬರೆದವರು ಯಾರಾದರೂ ಇದ್ದೀರಾ?

ಹಾಸನದ ತಾಯಿ

ನನ್ನ ಮಗ ಬಿಟ್ಟೇ ಓದಿದ್ದು, ಆದ್ದರಿಂದ ಇಟ್ಟುಕೊಂಡು ಓದುವುದರ ಬಗ್ಗೆ ಹೇಳಲಾರೆ. ಬಿಡುವುದಾದರೆ ಮಾತ್ರ ಶುಲ್ಕದ ಮಾತೆತ್ತುವ ಮೊದಲು ಮೂಲ ಅಂಕಪಟ್ಟಿಗಳನ್ನು ಈಚೆಗೆ ತೆಗೆದುಕೊಳ್ಳಿ. ಬ್ಯಾಂಕ್ ಸಾಲಕ್ಕೆ ತೋರಿಸಬೇಕು ಎಂದು ಕೇಳಿದರೆ ಎರಡು ದಿನದ ಮಟ್ಟಿಗೆ ಕೊಡುತ್ತಾರೆ. ಇದು ನಮಗೆ 40,000 ಕೊಟ್ಟ ಮೇಲೆ ತಿಳಿದದ್ದು.

ಥೇಮ್ಸ್ ದಡದಿಂದ

ಸುಳ್ಳು ಹೇಳಿ ದಾಖಲೆ ತೆಗೆದುಕೊಳ್ಳಲು ಬಹಿರಂಗವಾಗಿ ಸಲಹೆ ಕೊಡುವುದು ಸರಿಯಲ್ಲ.

ಹಾಸನದ ತಾಯಿ

ನಮ್ಮದೇ ಕಾಗದವನ್ನು ನಾವು ತೆಗೆದುಕೊಳ್ಳಲು ಸುಳ್ಳು ಬೇಕಾಗುತ್ತದೆ ಎಂಬುದು ನಿಮ್ಮ ಊರಿನಲ್ಲಿ ತಿಳಿಯುವುದಿಲ್ಲ, ಬಿಡಿ.

ಲೆಕ್ಕದ ಪುಸ್ತಕ

ಮೇಲೆ ಕೊಟ್ಟ ಲೆಕ್ಕದಲ್ಲಿ ಒಂದು ತಪ್ಪಾಗಿದೆ, ಕ್ಷಮಿಸಿ. ಹೋಗಿ ಬಂದ ವಿಮಾನದ ದರ 71,300 ರೂಪಾಯಿ ಸೇರಿಸುವುದು ಬಿಟ್ಟುಹೋಗಿತ್ತು. ಒಟ್ಟು 8,41,800 ಎಂದು ಓದಿಕೊಳ್ಳಬೇಕು.