ಪದಚರ್ಚೆ: ಗೌಂಡಿ ಹೇಳಿದ ‘ದರ್ಜಾ’ ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದದ ಅರ್ಥ ತಪ್ಪು ತಿಳಿದಿದ್ದಕ್ಕೆ ನನಗೆ 7,200 ರೂಪಾಯಿ ಖರ್ಚು ಬಿತ್ತು. ದುಡ್ಡು ಹೋಗಿದ್ದು ಹೋಯಿತು. ಆ ಪದದ ಪೂರ್ತಿ ಹಿನ್ನೆಲೆಯಾದರೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ.

ಹುಬ್ಬಳ್ಳಿಯಲ್ಲಿ ನಮ್ಮದು ಅಪ್ಪ ಕಟ್ಟಿಸಿದ ಮನೆ. ನೆಲಕ್ಕೆಲ್ಲ ಶಹಾಬಾದಿ ಫರ್ಸಿ, ಅಂದರೆ ಹಾಸುಗಲ್ಲು. ಪಡಸಾಲೆಯ ಕಲ್ಲು ತುಳಿದು ತುಳಿದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಡುಗೆಮನೆಯ ಕಡೆ ಮಾತ್ರ ನಾಲ್ಕಾರು ಕಲ್ಲು ಕುಸಿದು, ನೀರು ಚೆಲ್ಲಿದರೆ ಅಲ್ಲೇ ಕೆರೆ. ಕೆಳಗಿರುವುದು ಎರೆಮಣ್ಣು. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕೂತ ಕಲ್ಲು ಎಷ್ಟು ದಿನ ಅಂತ ಸುಮ್ಮನಿದ್ದೀತು? ಫರ್ಸಿ ಕೀಳಿಸಿ ಟೈಲ್ಸ್ ಹಾಕಿಸೋಣ ಅಂತ ತೀರ್ಮಾನವಾಯಿತು.

ಮೂರು ಜನ ಬಂದು ನೋಡಿದರು. ಮೊದಲನೆಯವರು ಬಾಗಿಲಲ್ಲೇ ನಿಂತು ರೇಟು ಹೇಳಿ ಹೋದರು. ಎರಡನೆಯವರು ‘ಟೈಲ್ಸ್ ಫಿಟ್ಟರ್’ ಅಂತ ಅಚ್ಚು ಹಾಕಿಸಿದ ಕಾರ್ಡು ಕೊಟ್ಟರು. ಮೂರನೆಯವರು ಗದಗಿನ ಕಡೆಯ ಹಿರಿಯ ಗೌಂಡಿ (ಗಾರೆ ಕೆಲಸದ ಮೇಸ್ತ್ರಿ), ನಾವು ಕಾಕಾ ಅನ್ನುತ್ತೇವೆ. ಅವರು ರೇಟಿನ ಮಾತೇ ತೆಗೆಯಲಿಲ್ಲ. ಎಲ್ಲ ಬಾಗಿಲುಗಳ ಕೆಳಗೆ ಬೆರಳು ತೂರಿಸಿ ನೋಡುತ್ತ ಹೋದರು. “ಅಕ್ಕಾರ, ಫರ್ಸಿ ಮ್ಯಾಲ ಟೈಲ್ಸ್ ಕೂಡಿಸಿದ್ರ ನೆಲ ಎತ್ತರ ಆಗ್ತದ. ಬಾಗಲಾ ಎಲ್ಲಾ ಕೊಯ್ಯಬೇಕಾಗ್ತದ, ಹೊಸ್ತಿಲಾ ಮುಚ್ಚಿ ಹೋಗ್ತದ. ಕಿತ್ತ ಹಾಕೂದ ಚಲೋ ನೋಡ್ರಿ” ಅಂದರು. ಕೆಲಸ ಇವರಿಗೇ ಅಂತ ನಾನು ಆಗಲೇ ನಿಶ್ಚಯ ಮಾಡಿದೆ.

ಕ್ಯಾಲೆಂಡರಿನ ಹಾಳೆಯ ಹಿಂದೆ ಬಾಲ್‌ಪೆನ್ನಿನಲ್ಲಿ ಕಾಕಾ ಬರೆದುಕೊಟ್ಟ ಲೆಕ್ಕ ಇದು. ಇದ್ದದ್ದು ಇದ್ದ ಹಾಗೆ ಇಳಿಸುತ್ತಿದ್ದೇನೆ:

“ಫರ್ಸಿ ಕೀಳೂದು. ಗರಸು ಹಾಕಿ ದಮ್ಮಸ್ ಹೊಡಿಯೂದು. ಟೈಲ್ಸ್ 6 ಬ್ರಾಸ್. ದರ್ಜಾ ಬ್ಯಾರೆ. ಬಚ್ಚಲ ಢಾಳ ತೆಗದ ಕೊಡೂದು.”

ಗರಸು ಅಂದರೆ ಜಲ್ಲಿಮಣ್ಣು, ದಮ್ಮಸ್ ಹೊಡೆಯೋದು ಅಂದರೆ ಬಡಿದು ಗಟ್ಟಿ ಮಾಡೋದು. ನಮ್ಮ ಮನೆಯವರು ಮೈಸೂರಿನವರು. ಹಾಳೆ ಓದಿ ಎರಡು ಕಡೆ ನಿಂತರು. ‘ಬ್ರಾಸ್’ ಅಂದರೆ ಹಿತ್ತಾಳೆ, ಟೈಲ್ಸಿಗೆ ಹಿತ್ತಾಳೆ ಯಾಕೆ ಅಂದರು. ನಾನು ನಕ್ಕು, ನಮ್ಮ ಕಡೆ ಬ್ರಾಸ್ ಅಂದರೆ ಒಂದು ಅಳತೆ, ನೆಲದ ಲೆಕ್ಕಕ್ಕಾದರೆ 100 ಚದರಡಿ, ಉಸುಕಿನ ಲೆಕ್ಕಕ್ಕಾದರೆ 100 ಘನ ಅಡಿ ಅಂತ ಹೇಳಿದೆ. ಆಮೇಲೆ ‘ಢಾಳ ತೆಗೆದು ಕೊಡೋದು’. ಅವರಿಗೆ ಢಾಳ ಅಂದರೆ ಕಣ್ಣಿಗೆ ಹೊಡೆಯುವ ಬಣ್ಣ. “ನಮ್ಮ ಬಚ್ಚಲ ಗೋಡೆಯ ಬಣ್ಣ ಢಾಳಾಗಿದೆ, ನಿಜ. ಅದನ್ನೂ ಇವರೇ ತೆಗೆದುಕೊಡ್ತಾರಾ?” ಅಂತ ಖುಷಿಪಟ್ಟರು! ನಮ್ಮಲ್ಲಿ ಢಾಳ ಅಂದರೆ ಇಳಿಜಾರು. ಢಾಳ ತೆಗೆಯೋದು ಅಂದರೆ ನೀರು ಹರಿದು ಹೋಗುವ ಹಾಗೆ ನೆಲವನ್ನು ಓರೆ ಮಾಡೋದು. ಅವರ ಊರಿನ ಮೇಸ್ತ್ರಿಗಳು ಇದಕ್ಕೆ ‘ವಾಟ’ ಅನ್ನುತ್ತಾರಂತೆ.

ಈ ಎರಡನ್ನೂ ಕೇಳಿ ತಿಳಿದುಕೊಂಡೆವು. ‘ದರ್ಜಾ ಬ್ಯಾರೆ’ ಅನ್ನುವುದನ್ನು ಇಬ್ಬರೂ ಕೇಳಲಿಲ್ಲ. ಗೊತ್ತಿದೆ ಅಂದುಕೊಂಡೆವು. ದರ್ಜೆ ಅಂದರೆ ದರ್ಜೆ, ಅದರಲ್ಲಿ ಕೇಳೋದೇನು? ಟೈಲ್ಸಿನ ದರ್ಜೆ ಬೇರೆ ಆದರೆ ಕೂಲಿಯೂ ಬೇರೆ ಅಂತ ಓದಿಕೊಂಡೆವು. ಅಂಗಡಿಯಲ್ಲೂ ಪ್ರೀಮಿಯಂ, ಸ್ಟ್ಯಾಂಡರ್ಡ್ ಅಂತ ದರ್ಜೆ ಇರುತ್ತವಲ್ಲ. ಮೊದಲ ದರ್ಜೆಯ ಮಾಲನ್ನೇ ತಂದುಬಿಟ್ಟರೆ ಆ ತಕರಾರೇ ಇರುವುದಿಲ್ಲ ಅಂತ ಎರಡು ಅಡಿಗೆ ಎರಡು ಅಡಿಯ ವಿಟ್ರಿಫೈಡ್ ಟೈಲ್ಸು ತಂದೆವು. ಕಾಕಾ ಹೇಳಿದ್ದಂತೆ ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚು, ಒಂದೇ ಶೇಡ್ ನಂಬರ್ ಇದೆಯಾ ಅಂತ ನೋಡಿದ್ದೂ ಆಯಿತು. ತುಂಡು ಮಾಡುವಾಗ ಒಡೆಯುತ್ತವೆ ಅಂತ ಎರಡು ಪೆಟ್ಟಿಗೆ ಜಾಸ್ತಿಯೇ ತಂದೆವು.

ಮಾಲು ಇಳಿದಾಗ ನಾನು ಹೆಮ್ಮೆಯಿಂದ ಕೇಳಿದೆ, “ಕಾಕಾ, ದರ್ಜೆ ಸರಿ ಐತೇನ್ರಿ?”

ಅವರು ಪೆಟ್ಟಿಗೆಯ ಕಡೆ ನೋಡಲೂ ಇಲ್ಲ. “ದರ್ಜಾ ಆಮ್ಯಾಲ ನೋಡೂಣಂತ್ರಿ, ಮೊದಲ ಟೈಲ್ಸ್ ಕೂಡ್ರಲಿ.”

ಈಗ ನೆನೆದರೆ ನಗು ಬರುತ್ತದೆ. ಇಬ್ಬರೂ ಕನ್ನಡದವರು, ಒಂದೇ ಪದ ಆಡುತ್ತಿದ್ದೇವೆ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಲ್ಲ.

ಕೆಲಸ ಮಾತ್ರ ಚೊಕ್ಕವಾಗಿ ಆಯಿತು. ಟೈಲ್ಸ್ ಕೂತ ಮೇಲೆ ಕಾಕಾ ನಾಣ್ಯದಿಂದ ಒಂದೊಂದನ್ನೇ ಬಡಿಯುತ್ತ ಹೋದರು. ಟಣ್ ಅಂದರೆ ಮುಂದೆ, ಡಬ್ ಅಂದರೆ ಸೀಮೆಸುಣ್ಣದ ಗೀಟು. “ಪೊಳ್ಳ ಐತಿ, ಕೆಳಗ ಮಾಲ್ ತುಂಬಿಲ್ಲ” ಅಂತ ಮೂರು ಟೈಲ್ಸ್ ಎಬ್ಬಿಸಿ ಮತ್ತೆ ಕೂಡಿಸಿದರು. ಬಚ್ಚಲಲ್ಲಿ ಒಂದು ತಂಬಿಗೆ ನೀರು ಸುರಿದು, ಕುಕ್ಕರಗಾಲಲ್ಲಿ ಕೂತು, ನೀರು ಜಾಲರಿಯವರೆಗೆ ಹೋಗುವ ದಾರಿಯನ್ನೇ ನೋಡಿದರು. ಒಂದು ಮೂಲೆಯಲ್ಲಿ ಅಂಗೈಯಷ್ಟು ನೀರು ನಿಂತಿತು. ಮರುದಿನ ಆ ಮೂಲೆಯೂ ಎದ್ದಿತು.

ಕೊನೆಗೆ ಬಂತು ಆ ಪ್ರಶ್ನೆ. “ಅಕ್ಕಾರ, ದರ್ಜಾಕ್ಕ ಯಾವ ಬಣ್ಣ ಹಾಕೂಣ್ರಿ?”

ದರ್ಜೆಗೆ ಬಣ್ಣವೇ? ನನ್ನ ಮುಖ ನೋಡಿ ಅವರಿಗೂ ಏನೋ ಅನ್ನಿಸಿರಬೇಕು. ಬಗ್ಗಿ, ಎರಡು ಟೈಲ್ಸಿನ ನಡುವಿನ ಸಂದಿನಲ್ಲಿ ಹೆಬ್ಬೆರಳಿನ ಉಗುರು ಇಟ್ಟು ಗೀರಿ ತೋರಿಸಿದರು. “ಇದಕ್ಕರಿ ದರ್ಜಾ ಅನ್ನೂದು. ಬಿಳಿ ಸಿಮೆಂಟ್ ತುಂಬೂದಾದ್ರ ಕೂಲ್ಯಾಗ ಬಂತು. ನೀವು ಎಪಾಕ್ಸಿ ಬೇಕಂದ್ರಿ. ಅದಕ್ಕ ಬ್ಯಾರೆ ಅಂತ ಅವತ್ತ ಬರದ ಕೊಟ್ಟೀನಲ್ರಿ.”

ಬರೆದುಕೊಟ್ಟಿದ್ದರು, ಹೌದು. (ಎಪಾಕ್ಸಿ ಅಂದರೆ ಸಿಮೆಂಟಿನ ಬದಲು ಸಂದಿಗೆ ತುಂಬುವ ಒಂದು ಬಗೆಯ ಗಟ್ಟಿ ಅಂಟು.) ಚದರಡಿಗೆ 12 ರೂಪಾಯಿ, 600 ಚದರಡಿ. ಲೆಕ್ಕ ಮಾಡಿಕೊಳ್ಳಿ. ಅವರದು ಒಂದು ಪೈಸೆ ತಪ್ಪಿಲ್ಲ. ಹಾಗಾದರೆ ಸಂದು ಬಿಡದೆ ಕೂಡಿಸಬಹುದಿತ್ತಲ್ಲ ಅಂತ ಹುಳ್ಳಗೆ ಕೇಳಿದೆ. “ದರ್ಜಾ ಬಿಡಲಿಲ್ಲಂದ್ರ ಬ್ಯಾಸಿಗ್ಯಾಗ ಹಿಗ್ಗಿ ಒಂದಕ್ಕೊಂದ ನೂಕ್ಯಾಡಿ ಟೈಲ್ಸ್ ಎದ್ದ ನಿಂದರ್ತಾವ್ರಿ” ಅಂದರು. ಎರಡೇ ಮಿಲಿಮೀಟರ್ ಜಾಗ, ಅದಕ್ಕೆ ಅಷ್ಟು ಕೆಲಸ.

ಇನ್ನು ಪದದ ವಿಚಾರ.

ನನಗೆ ತಿಳಿದ ಮಟ್ಟಿಗೆ ಇವು ಎರಡು ಬೇರೆ ಬೇರೆ ಪದ. ಅಂತಸ್ತು, ಮಟ್ಟ ಅನ್ನುವ ಅರ್ಥದ ‘ದರ್ಜೆ’ ಅರಬ್ಬಿಯ ಮೂಲದ್ದು. ಗೌಂಡಿಯ ‘ದರ್ಜಾ’ ಪಾರಸಿಯ ‘ದರ್ಜ್’. ಅಲ್ಲಿ ಅದರ ಅರ್ಥ ಹೊಲಿಗೆ, ಜೋಡಿಸಿದ ಗೆರೆ. ಬಟ್ಟೆ ಹೊಲಿಯುವ ‘ದರ್ಜಿ’ ಬಂದದ್ದೂ ಇದೇ ಪದದಿಂದ. ಮರಾಠಿಯಲ್ಲಿ ಕಲ್ಲಿನ, ಇಟ್ಟಿಗೆಯ ಸಂದಿಗೆ ‘ದರಜ್’ ಅನ್ನುತ್ತಾರೆ, ಸಂದು ತುಂಬುವುದಕ್ಕೆ ‘ದರಜಾ ಭರಣೆ’ ಅನ್ನುತ್ತಾರೆ. 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಕಟ್ಟಡದ ಕೆಲಸದ ಮಾತಿಗೆ ಗೌಂಡಿ, ಗಿಲಾವು (ಗೋಡೆಗೆ ಮೆತ್ತುವ ಗಾರೆ), ಫರ್ಸಿ, ಢಾಳ ಎಲ್ಲವೂ ಮರಾಠಿಯ ಕೈ ಹಿಡಿದೇ ಬಂದಿವೆ. ದರ್ಜಾ ಕೂಡ ಅದೇ ಗಾಡಿಯಲ್ಲಿ ಬಂದಿರಬೇಕು. ನೆಲದ ಟೈಲ್ಸಿನ ಸಂದು ತುಂಬುವವರೂ ಅಂಗಿಯ ತೋಳು ಜೋಡಿಸುವವರೂ ಪದದ ಲೆಕ್ಕದಲ್ಲಿ ಅಣ್ಣತಮ್ಮಂದಿರು. ಇದು ಗೊತ್ತಾದಾಗ 7,200ರ ಉರಿ ಅರ್ಧ ಇಳಿಯಿತು.

ಈ ‘ದರ್ಜಾ’ಕ್ಕೆ ಕನ್ನಡದಲ್ಲಿ ಬೇರೆ ಪದ ಏನಿದೆ? ‘ಸಂದು’ ಇದೆ. ‘ಸಂದಿ’ ಅಂದರೆ ನಮ್ಮ ಕಡೆ ಜನ ಓಣಿಯ ಸಂದಿಗೆ ಹೋಗಿಬಿಡುತ್ತಾರೆ. ಇನ್ನು ವ್ಯಾಕರಣದ ಸಂಧಿ. ನಡುವೆ ಸ್ಪೇಸರ್ (ಸಂದು ಬಿಡಲು ಇಡುವ ತುಣುಕು) ಇಟ್ಟರೆ ಆಗಮ, ಇಡದೆ ಒತ್ತಿ ಕೂಡಿಸಿದರೆ ಲೋಪ, ಒಡೆದ ಟೈಲ್ಸ್ ತೆಗೆದು ಬೇರೆ ಇಟ್ಟರೆ ಆದೇಶ! ತಮಾಷೆ ಬಿಡಿ. ‘ಸಂದು ತುಂಬುವುದು’ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಸರಿ. ಆದರೆ ಕಾಕಾ ಅವರ ಬಾಯಲ್ಲಿ ಸಂದು ಅಂದರೆ ಬೇರೆ. ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವೆ ತಾನಾಗಿ ಬಿಟ್ಟುಕೊಂಡದ್ದು ಸಂದು. ಬೇಕು ಅಂತಲೇ ಅಳತೆ ಮಾಡಿ ಬಿಟ್ಟದ್ದು ದರ್ಜಾ. ಈ ವ್ಯತ್ಯಾಸ ಅವರೊಬ್ಬರದೋ, ಎಲ್ಲ ಗೌಂಡಿಗಳದೋ?

ಫರ್ಸಿಯ ಬಗ್ಗೆಯೂ ಒಂದು ಮಾತು. ಅರಬ್ಬಿ-ಪಾರಸಿಯ ‘ಫರ್ಶ್’ ಅಂದರೆ ಹಾಸಿದ್ದು. ನಮ್ಮ ಹಾಸುಗಲ್ಲು, ನೆಲಹಾಸು, ಹಾಸಿಗೆ ಎಲ್ಲ ಹುಟ್ಟಿದ್ದೂ ‘ಹಾಸು’ವಿನಿಂದಲೇ. ಕಲ್ಲನ್ನು ಚಾಪೆಯ ಹಾಗೆ ಹಾಸುವುದು ಅಂತ ಎರಡು ಕಡೆಯವರೂ ಕಂಡಿದ್ದಾರೆ. ಹಾಗಿದ್ದೂ ನಮ್ಮ ಗೌಂಡಿಗಳು ಟೈಲ್ಸಿಗೆ ‘ಹಾಸು’ ಅನ್ನುವುದಿಲ್ಲ, ‘ಕೂಡಿಸು’ ಅನ್ನುತ್ತಾರೆ. ಫರ್ಸಿಯನ್ನು ಹಾಕುತ್ತಾರೆ, ಟೈಲ್ಸನ್ನು ಕೂಡಿಸುತ್ತಾರೆ. ಇದು ನನಗೆ ಬಹಳ ಹಿಡಿಸಿತು.

ಟೈಲ್ಸಿಗೆ ‘ಹಂಚು’ ಅಂತ ಯಾರೂ ದಯವಿಟ್ಟು ಸಲಹೆ ಕೊಡಬೇಡಿ. ಹೋದ ತಿಂಗಳು ಅನುವಾದವಾದ ಒಂದು ಕರಪತ್ರದಲ್ಲಿ ‘ಸ್ನಾನದ ಮನೆಯ ಗೋಡೆಗೆ ಹಂಚು ಅಳವಡಿಸುವಿಕೆ’ ಅಂತ ಓದಿದೆ. ಅವ್ವನಿಗೆ ಓದಿ ಹೇಳಿದರೆ, “ಬಚ್ಚಲದಾಗ ಹಂಚಿಟ್ಟು ರೊಟ್ಟಿ ಬಡೀತಾರೇನ?” ಅಂದಳು. ನಮ್ಮಲ್ಲಿ ಹಂಚು ಒಲೆಯ ಮೇಲಿನದು, ಇಲ್ಲವೇ ಮಾಡಿನ ಮೇಲಿನದು. ಮಂಗಳೂರು ಹಂಚನ್ನು 1860ರ ದಶಕದಲ್ಲಿ ಕಾರ್ಖಾನೆ ಹಾಕಿ ಸುಟ್ಟವರು ಬಾಸೆಲ್ ಮಿಷನ್ನಿನವರು. 1894ರಲ್ಲಿ ಕಿಟೆಲ್ ನಿಘಂಟು ಅಚ್ಚು ಹಾಕಿದವರೂ ಅವರೇ. ಆದರೂ ನಮ್ಮ ಕಡೆಯ ಮಾತಿನಲ್ಲಿ ಹಂಚು ನೆಲಕ್ಕೆ ಇಳಿಯಲಿಲ್ಲ. ನಾವ್ಯಾಕೆ ಇಳಿಸಬೇಕು? ಟೈಲ್ಸ್ ಇರಲಿ ಬಿಡಿ. ಒಂದು ಟೈಲ್ಸ್, ಎರಡು ಟೈಲ್ಸ್, ಬೇಕಾದರೆ ಟೈಲ್ಸುಗಳು. ಬೂಟ್ಸ್ ಹಾಗೇ ಅಲ್ವಾ ಕನ್ನಡದಲ್ಲಿ ಉಳಿದದ್ದು?

ನಡುವೆ ಇನ್ನೊಂದು ಫಜೀತಿ ನೆನಪಾಯಿತು. ಕೆಲಸ ಒಪ್ಪಿಸಿದ ದಿನ ಅವ್ವ ಅಳಿಯನಿಗೆ “ಗೌಂಡ್ಯಾಗ ಸಂಚಕಾರ ಕೊಟ್ಟೀರೇನ್ರಿ?” ಅಂತ ಕೇಳಿದಳು. ಮೈಸೂರಿನ ಅಳಿಯನಿಗೆ ಗೊತ್ತಿರುವುದು ‘ಪ್ರಾಣಕ್ಕೆ ಸಂಚಕಾರ’ ಒಂದೇ. ಅವರ ಮುಖ ನೋಡಬೇಕಿತ್ತು ನೀವು. ಸಂಚಕಾರ ಅಂದರೆ ಮುಂಗಡ, ಮಾತು ನಿಜ ಅಂತ ಮೊದಲೇ ಕೊಡುವ ಹಣ. ಸಂಸ್ಕೃತದ ‘ಸತ್ಯಂಕಾರ’ ಸವೆದು ಆದದ್ದು. ಪ್ರಾಣವನ್ನೇ ಮುಂಗಡ ಕೊಟ್ಟ ಹಾಗಾಯಿತು ಅನ್ನುವ ಭಾವದಿಂದ ಆ ನುಡಿಗಟ್ಟು ಬೆಳೆದಿರಬಹುದು ಅಂತ ನನ್ನ ಊಹೆ. ತಿಳಿದವರು ತಿದ್ದಿ.

ಇಷ್ಟೆಲ್ಲ ಕೇಳುವುದಕ್ಕೆ ಕಾರಣ ಇದೆ. ಮೇಲಿನ ಮಹಡಿಯ ಕೆಲಸವನ್ನೂ ಅವರಿಗೇ ಒಪ್ಪಿಸುತ್ತಿದ್ದೇವೆ. ಈ ಸಲ ಕ್ಯಾಲೆಂಡರ್ ಹಾಳೆ ಬೇಡ, ಒಂದು ಪುಟದ ಕರಾರು ಬರೆಯೋಣ ಅಂತ ನಮ್ಮ ಮನೆಯವರ ಹಟ. ಬರೆಯುವ ಕೆಲಸ ನನ್ನದು. ಅವರು ‘ಗ್ರೌಟಿಂಗ್’ ಅಂತ ಬರಿ ಅನ್ನುತ್ತಾರೆ. ಕಾಕಾ ಅವರಿಗೆ ಆ ಪದ ಗೊತ್ತು, ಆದರೆ ಅವರು ಗ್ರೌಟ್ ಅನ್ನುವುದು ತುಂಬುವ ಪುಡಿಗೆ, ಸಂದಿಗೆ ಅಲ್ಲ. ನಾನು ‘ದರ್ಜಾ’ ಅಂತಲೇ ಬರೆಯಬೇಕು ಅನ್ನುತ್ತೇನೆ. ಕೆಲಸ ಮಾಡುವವರ ಪದ ಕರಾರಿನಲ್ಲಿ ಇರದಿದ್ದರೆ ಆ ಕರಾರು ಯಾರಿಗಾಗಿ?

ಹಾವೇರಿ, ಗದಗ, ಬೆಳಗಾವಿ, ವಿಜಯಪುರದ ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಊರಿನ ಗೌಂಡಿಗಳು ಇದನ್ನು ದರ್ಜಾ ಅನ್ನುತ್ತಾರೋ, ದರಜ, ದರ್ಜು ಅನ್ನುತ್ತಾರೋ? ಕಲ್ಲಿನ ಗೋಡೆಯ ಸಂದಿಗೂ ಅದೇ ಪದವೋ? ಮೈಸೂರು, ಮಂಗಳೂರಿನ ಮೇಸ್ತ್ರಿಗಳ ಬಾಯಲ್ಲಿ ಇದಕ್ಕೆ ಏನಿದೆ? ಪುಸ್ತಕದ ಪದ ಬೇಡ, ಕಿವಿಯಲ್ಲಿ ಕೇಳಿದ್ದು ಬೇಕು.

ಸದ್ಯಕ್ಕೆ ಕರಾರಿನ ಸಾಲನ್ನು ಹೀಗೆ ಬರೆದಿದ್ದೇನೆ: “ಟೈಲ್ಸ್ ಕೂಡಿಸುವ ಕೂಲಿಯಲ್ಲೇ ದರ್ಜಾ (ಎರಡು ಟೈಲ್ಸಿನ ನಡುವಿನ ಸಂದು) ತುಂಬುವುದೂ ಸೇರಿದೆ.” ಕಾಕಾ ಸೋಮವಾರ ಸಂಚಕಾರ ತೆಗೆದುಕೊಳ್ಳಲು ಬರುತ್ತಾರೆ. ಅಷ್ಟರೊಳಗೆ ಯಾರಾದರೂ ಉತ್ತರ ಬರೆದರೆ ಕಂಸದೊಳಗಿನದನ್ನು ತಿದ್ದುತ್ತೇನೆ.